ಹೊಸ ಪೈಪ್‌ಲೈನ್ ಬಂದರೆ ನಮ್ಮ ಕಡೆ ಗ್ಯಾಸ್ ಕೊರತೆ ತೀರುತ್ತದೆಯೇ? ಹೊಲದಲ್ಲಿ ಜಾಗ ಕೊಡಬೇಕೇ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಶಹಾಪುರ ತಾಲ್ಲೂಕಿನವರು ನೀವು. ಸಿಎನ್‌ಜಿ ಗೂಡ್ಸ್ ಗಾಡಿ ಇಟ್ಟಿದ್ದೀರಿ, ಬಂಕ್‌ನಲ್ಲಿ ತಾಸುಗಟ್ಟಲೆ ಕಾಯುತ್ತೀರಿ. ಈಗ ಸರ್ವೆಯವರು ಬಂದು ನಿಮ್ಮ ಹೊಲದಲ್ಲೇ ಗುರುತು ಹಾಕಿ ಹೋಗಿದ್ದಾರೆ. ಪೈಪ್ ಬಂದರೆ ಗ್ಯಾಸ್ ಕೊರತೆ ತೀರುತ್ತದೆ ಅಂತ ಊರಲ್ಲಿ ಅರ್ಧ ಜನ, ಹೊಲ ಹಾಳಾಗುತ್ತದೆ ಅಂತ ಇನ್ನರ್ಧ ಜನ. ಯಾರ ಮಾತು ಕೇಳಬೇಕು ಅಂತ ಕೇಳಿದ್ದೀರಿ.

ನಾನು ಕಲಬುರಗಿಯಲ್ಲಿ ಸಿಎನ್‌ಜಿ ಗಾಡಿ ಓಡಿಸುತ್ತೇನೆ. ಬೇಳೆ ಮಿಲ್ಲುಗಳ ಮಾಲು ಸಾಗಿಸುವುದು ನನ್ನ ಕೆಲಸ. ಹುಮನಾಬಾದ್ ತಾಲ್ಲೂಕಿನಲ್ಲಿ ನಮ್ಮ ಕಾಕಾ ಅವರ ಹೊಲದ ಕೆಳಗೆ ಪೈಪ್ ಹಾದು ಹೋಗಿದೆ. ಎರಡೂ ಕಡೆಯ ಸಂಕಟ ನಮ್ಮ ಮನೆಯಲ್ಲೇ ಇದೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಬಂಕ್ ವಿಷಯ. ಅಡುಗೆಯ ಸಿಲಿಂಡರ್‌ನಲ್ಲಿ ಇರುವುದು ಎಲ್‌ಪಿಜಿ, ಅದು ಬೇರೆ. ನಮ್ಮ ಗಾಡಿಗೆ ತುಂಬುವುದು ನೈಸರ್ಗಿಕ ಅನಿಲ, ಅಂದರೆ ಮೀಥೇನ್. ಅದನ್ನು ಸುಮಾರು 200 ಬಾರ್‌ವರೆಗೆ, ಅಂದರೆ ಹೊರಗಿನ ಗಾಳಿಯ ಒತ್ತಡದ ಸುಮಾರು 200 ಪಟ್ಟು, ಒತ್ತಿ ತುಂಬಬೇಕು. ಪೈಪ್ ನೇರವಾಗಿ ಬಂದಿರುವ ಬಂಕ್‌ನಲ್ಲಿ ಗ್ಯಾಸ್ ನಿಲ್ಲದೆ ಬರುತ್ತಿರುತ್ತದೆ. ಪೈಪ್ ಇಲ್ಲದ ಬಂಕ್‌ಗೆ ದೂರದ ದೊಡ್ಡ ಸ್ಟೇಷನ್‌ನಿಂದ ಲಾರಿಯಲ್ಲಿ ಸಿಲಿಂಡರ್‌ಗಳ ಸಾಲು ಬರುತ್ತದೆ. ಮೊದಲ ಹತ್ತು ಗಾಡಿಗೆ ಜೋರಾಗಿ ತುಂಬುತ್ತದೆ. ಆಮೇಲೆ ಆ ಸಿಲಿಂಡರ್‌ಗಳ ಪ್ರೆಶರ್ ಇಳಿಯುತ್ತಾ ಹೋಗುತ್ತದೆ. ಹದಿನೈದನೇ ಗಾಡಿಯವನಿಗೆ ಅರ್ಧ ಟ್ಯಾಂಕ್, ಇಪ್ಪತ್ತನೆಯವನಿಗೆ 'ಪ್ರೆಶರ್ ಇಲ್ಲ, ಲಾರಿ ಬರಲಿ' ಅನ್ನುವ ಉತ್ತರ. ಒಂದು ಸಲ ನಾನು ಬೆಳಿಗ್ಗೆ ಐದಕ್ಕೆ ಸಾಲಿನಲ್ಲಿ ನಿಂತು ಒಂಬತ್ತೂವರೆಗೆ ಹೊರಬಿದ್ದೆ. ಅಷ್ಟರಲ್ಲಿ ಮಿಲ್‌ನವರು ಬೇರೆ ಗಾಡಿಗೆ ಮಾಲು ಹೇರಿ ಕಳಿಸಿದ್ದರು. ಆ ದಿನದ ಬಾಡಿಗೆ ಹೋಯಿತು. ಟಂಟಂ ಓಡಿಸುವ ಹುಡುಗರ ಪಾಡು ಇನ್ನೂ ಕಷ್ಟ. ಅವರದು ಆವತ್ತಿನ ದುಡಿಮೆ ಆವತ್ತಿನ ಊಟಕ್ಕೆ.

ಇದನ್ನು ನಾವು ಗ್ಯಾಸ್ ಕೊರತೆ ಅಂತ ಕರೆಯುತ್ತೇವೆ. ಆದರೆ ಗಮನಿಸಿ, ಆ ದಿನ ದೇಶದಲ್ಲಿ ಗ್ಯಾಸ್ ಇತ್ತು. ನಮ್ಮ ಬಂಕ್‌ವರೆಗೆ ಬರುವ ದಾರಿ ಇರಲಿಲ್ಲ, ಅಷ್ಟೇ.

ಇನ್ನೊಂದು ಕೊರತೆ ಇದೆ. ಅದು ಬುಡದಲ್ಲೇ ಇರುವ ಕೊರತೆ. ನಮ್ಮ ದೇಶ ಬಳಸುವ ನೈಸರ್ಗಿಕ ಅನಿಲದಲ್ಲಿ ಸುಮಾರು ಅರ್ಧ ಹೊರಗಿನಿಂದ ಬರುತ್ತದೆ. ಅದನ್ನು ತಣ್ಣಗೆ ಮಾಡಿ, ದ್ರವವಾಗಿಸಿ, ಹಡಗಿನಲ್ಲಿ ತರುತ್ತಾರೆ. ಅದರಲ್ಲಿ ದೊಡ್ಡ ಪಾಲು ಕತಾರ್‌ನದು, ಹಾರ್ಮುಜ್ ಜಲಸಂಧಿ ಅನ್ನುವ ಇಕ್ಕಟ್ಟಾದ ಕಡಲ ದಾರಿ ದಾಟಿಯೇ ಬರಬೇಕು. 2020ರಲ್ಲಿ ಏಷ್ಯಾದ ಮಾರುಕಟ್ಟೆಯಲ್ಲಿ ಈ ಗ್ಯಾಸಿನ ಬೆಲೆ ಒಂದು ಯೂನಿಟ್‌ಗೆ 2 ಡಾಲರ್ ಆಸುಪಾಸಿಗೆ ಬಿದ್ದಿತ್ತು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಅದೇ ಗ್ಯಾಸ್ 50 ಡಾಲರ್ ದಾಟಿತು. ಯುರೋಪಿನವರು ಹೆಚ್ಚು ದುಡ್ಡು ಕೊಟ್ಟು ಹಡಗುಗಳನ್ನು ತಮ್ಮ ಕಡೆ ತಿರುಗಿಸಿಕೊಂಡರು. ನಮ್ಮಲ್ಲೇ ತೆಗೆಯುವ ಅಗ್ಗದ ಗ್ಯಾಸ್ ಮನೆ ಮತ್ತು ಸಿಎನ್‌ಜಿಗೆ ಮೊದಲು ಅಂತ ನಿಯಮ ಇದೆ, ಆದರೂ 2024ರ ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ಎರಡು ಸಲ ಆ ಪಾಲನ್ನು ಕಡಿತ ಮಾಡಿದರು. ಹಳೇ ಬಾವಿಗಳು ಬತ್ತುತ್ತಿವೆ. ಗಾಡಿಗಳು ಜಾಸ್ತಿಯಾಗುತ್ತಿವೆ. ಈ ಕೊರತೆಯನ್ನು ಯಾವ ಪೈಪೂ ತುಂಬುವುದಿಲ್ಲ.

ಇದಕ್ಕೆ ಸಾಕ್ಷಿ ಬೇಕಾದರೆ ನಮ್ಮ ಬೀದರ ಜಿಲ್ಲೆಯಲ್ಲೇ ಇದೆ. ಆಂಧ್ರದ ಕಾಕಿನಾಡದಿಂದ ಗುಜರಾತಿನ ಭರೂಚ್‌ವರೆಗೆ ಸುಮಾರು 1,400 ಕಿಲೋಮೀಟರ್ ಉದ್ದದ ಪೂರ್ವ-ಪಶ್ಚಿಮ ಪೈಪ್‌ಲೈನ್ ಬೀದರ ಮೇಲೆ ಹಾದು ಹೋಗುತ್ತದೆ. 48 ಇಂಚಿನ ಪೈಪ್. ಒಬ್ಬ ಮನುಷ್ಯ ಬಗ್ಗಿ ನಡೆದು ಹೋಗುವಷ್ಟು ದೊಡ್ಡದು. 2009ರಲ್ಲಿ ಶುರುವಾಯಿತು. ದಿನಕ್ಕೆ ಸುಮಾರು 8 ಕೋಟಿ ಘನ ಮೀಟರ್ ಸಾಗಿಸಬಲ್ಲದು. ಕೃಷ್ಣಾ-ಗೋದಾವರಿ ಕಡಲ ತಳದ ಗ್ಯಾಸನ್ನು ನಂಬಿ ಅದನ್ನು ಹಾಕಿದ್ದರು. 2010ರಲ್ಲಿ ಆ ಕಡಲಿನಿಂದ ದಿನಕ್ಕೆ ಸುಮಾರು 6 ಕೋಟಿ ಘನ ಮೀಟರ್ ಬಂತು. 2013ರ ಹೊತ್ತಿಗೆ ಅದು ಕಾಲು ಭಾಗಕ್ಕೆ ಕುಸಿಯಿತು. ಆಂಧ್ರದಲ್ಲಿ ಆ ಗ್ಯಾಸನ್ನೇ ನಂಬಿ ಕಟ್ಟಿದ ವಿದ್ಯುತ್ ಘಟಕಗಳು ನಿಂತುಹೋದವು. 2020ರ ಡಿಸೆಂಬರ್‌ನಿಂದ ಹೊಸ ಬಾವಿಗಳು ಶುರುವಾದ ಮೇಲೆ ಸ್ವಲ್ಪ ಚೇತರಿಸಿಕೊಂಡಿದೆ, ಆದರೂ ಪೈಪ್ ತುಂಬುವಷ್ಟು ಇಲ್ಲ. ಅಷ್ಟು ದೊಡ್ಡ ಪೈಪ್ ನೆಲದೊಳಗೆ ವರ್ಷಗಟ್ಟಲೆ ಬಹುಪಾಲು ಖಾಲಿ ಮಲಗಿತ್ತು, ಅದರ ಆಚೀಚಿನ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಕಟ್ಟಿಗೆ ಒಲೆ ಊದುತ್ತಿದ್ದರು. ಇದನ್ನು ನೆನೆದಾಗ ನನಗೆ ಈಗಲೂ ಸಿಟ್ಟು ಬರುತ್ತದೆ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಬೀದರ, ಕಲಬುರಗಿ, ಯಾದಗಿರಿ ಈ ನಮ್ಮ ಮೂರು ಜಿಲ್ಲೆಗೆ ಈಗ ಬೇಕಿರುವುದು ಮತ್ತೊಂದು ಹೆದ್ದಾರಿಯಂಥ ಪೈಪ್ ಅಲ್ಲ. ಇರುವ ದೊಡ್ಡ ಪೈಪಿನಿಂದ ಊರಿಗೆ, ಬಂಕಿಗೆ, ಕಾರ್ಖಾನೆಗೆ ಕವಲು ಪೈಪ್ ಬೇಕು. ಕಾಲುವೆ ಇದ್ದೂ ಹೊಲಗಾಲುವೆ ಇಲ್ಲದಿದ್ದರೆ ನೀರು ಹೇಗೆ ಸಿಗುತ್ತದೆ? ನಾರಾಯಣಪುರ ಕಾಲುವೆಯ ಕೊನೆಯ ಭಾಗದ ರೈತರು ನಿಮ್ಮ ಕಡೆಯವರೇ, ನಾನು ಬಿಡಿಸಿ ಹೇಳಬೇಕಿಲ್ಲ. ಊರೊಳಗಿನ ಇಂಥ ಸಣ್ಣ ಪೈಪ್‌ಗಳು ಸಾಮಾನ್ಯವಾಗಿ ರಸ್ತೆ ಬದಿಯಲ್ಲೇ ಹೋಗುತ್ತವೆ. ಹೊಲ ಅಗೆಯುವ ಪ್ರಸಂಗವೇ ಕಡಿಮೆ. ಹೊಸ ದೊಡ್ಡ ಪೈಪ್ ಅಂತ ಬಂದವರನ್ನು ನಾವು ಒಂದೇ ಪ್ರಶ್ನೆ ಕೇಳಬೇಕು: ಇದರೊಳಗೆ ಹರಿಯುವ ಗ್ಯಾಸ್ ಎಲ್ಲಿಂದ, ಎಷ್ಟು ವರ್ಷಕ್ಕೆ ಒಪ್ಪಂದ ಆಗಿದೆ?

ಗ್ಯಾಸೇ ಬೇಡ ಅನ್ನುವವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಯೂರಿಯಾ ತಯಾರಾಗುವುದೇ ಈ ಗ್ಯಾಸಿನಿಂದ. ದೇಶದ ಗ್ಯಾಸಿನ ದೊಡ್ಡ ಪಾಲು ಗೊಬ್ಬರದ ಕಾರ್ಖಾನೆಗಳಿಗೇ ಹೋಗುತ್ತದೆ. ನಿಮ್ಮ ಭತ್ತ, ಹತ್ತಿ ಅದರ ಮೇಲೆ ನಿಂತಿವೆ. ಅದೇ ರೀತಿ ಬೀದರಿನ ಕೊಳಾರ, ಯಾದಗಿರಿಯ ಕಡೇಚೂರು ಕೈಗಾರಿಕಾ ಪ್ರದೇಶದ ಬಾಯ್ಲರ್‌ಗಳು ಕಲ್ಲಿದ್ದಲು, ಕಟ್ಟಿಗೆ ಬಿಟ್ಟು ಗ್ಯಾಸಿಗೆ ಬಂದರೆ ಹೊಗೆ ಕಡಿಮೆಯಾಗುತ್ತದೆ. ಅಲ್ಲಿನ ಕೆಮಿಕಲ್ ವಾಸನೆ ಮಾತ್ರ ಅದರಿಂದ ಹೋಗುವುದಿಲ್ಲ, ಅದಕ್ಕೆ ಬೇರೆಯೇ ಹೋರಾಟ ಬೇಕು. ಬೀದರ ಕಡೆ ಕಬ್ಬು ಇದೆ. ಸಕ್ಕರೆ ಕಾರ್ಖಾನೆಯ ಮಡ್ಡಿಯಿಂದ, ಸೆಗಣಿಯಿಂದ ಇದೇ ಮೀಥೇನ್ ತೆಗೆಯಬಹುದು, ಶುದ್ಧ ಮಾಡಿ ಅದೇ ಪೈಪಿಗೆ ಬಿಡಬಹುದು. 2018ರಿಂದ ಕೇಂದ್ರದ ಯೋಜನೆಯೇ ಇದೆ. ಹಡಗಿಗೂ ಕಾಯದ, ಬತ್ತುವ ಬಾವಿಯನ್ನೂ ನಂಬದ ಗ್ಯಾಸ್ ಅದು. ಹೊಸ ಪೈಪಿಗೆ ಹಾಕುವ ದುಡ್ಡಿನಲ್ಲಿ ಸ್ವಲ್ಪ ಅದಕ್ಕೆ ಹಾಕಿದರೆ ಎಷ್ಟು ಚೆನ್ನ ಅಲ್ವಾ?

ಈಗ ನಿಮ್ಮ ಹೊಲದ ಮಾತು. ಇದನ್ನು ನಿಧಾನವಾಗಿ ಓದಿ.

ದೊಡ್ಡ ಪೈಪ್‌ಲೈನ್‌ಗೆ ಭೂಸ್ವಾಧೀನ ಕಾಯ್ದೆ ಬಳಸುವುದಿಲ್ಲ. 1962ರ ಒಂದು ಕಾಯ್ದೆ ಇದೆ, ಅದರ ಪ್ರಕಾರ ಹೊಲ ನಿಮ್ಮ ಹೆಸರಿನಲ್ಲೇ ಉಳಿಯುತ್ತದೆ. ಕೆಳಗೆ ಪೈಪ್ ಹಾಕುವ ಬಳಕೆಯ ಹಕ್ಕನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ಬಿತ್ತಬಹುದು, ಬೆಳೆಯಬಹುದು. ಆದರೆ ಪೈಪ್ ಹಾದು ಹೋಗುವ ನೆಲದ ಪಟ್ಟಿಯ ಮೇಲೆ ಮನೆ ಕಟ್ಟುವಂತಿಲ್ಲ, ಬಾವಿ ಅಥವಾ ಕೆರೆ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಬೆಳೆ ಮತ್ತು ಮರದ ನಷ್ಟಕ್ಕೆ ಪರಿಹಾರ ಬೇರೆ. ಜಮೀನಿನ ಬಳಕೆಯ ಹಕ್ಕಿಗೆ ಕೊಡುವುದು ಮಾರುಕಟ್ಟೆ ಬೆಲೆಯ ನೂರಕ್ಕೆ ಹತ್ತು. ಅದೂ ಮೊದಲ ಅಧಿಸೂಚನೆ ಬಂದ ದಿನದ ಬೆಲೆ. ನನ್ನ ಪ್ರಕಾರ ಜಗಳದ ಬೇರು ಇದೇ. ಎಂದೆಂದಿಗೂ ಮರ ನೆಡದ, ಮನೆ ಕಟ್ಟದ ಭೂಮಿ ಆಗುತ್ತದೆ, ಕೈಗೆ ಬರುವುದು ಹತ್ತನೇ ಒಂದು ಪಾಲು. ಕೊಚ್ಚಿ-ಮಂಗಳೂರು ಪೈಪ್‌ಲೈನ್ 450 ಕಿಲೋಮೀಟರ್. ಅದು ಮುಗಿದು 2021ರ ಜನವರಿಯಲ್ಲಿ ಉದ್ಘಾಟನೆ ಆಗುವಷ್ಟರಲ್ಲಿ ಹತ್ತು ವರ್ಷ ದಾಟಿತ್ತು. 2017ರಲ್ಲಿ ಕೇರಳದ ಜನ ಬೀದಿಗೆ ಬಂದ ಮೇಲೆ ಅಲ್ಲಿನ ಸರ್ಕಾರ ಪರಿಹಾರ ಹೆಚ್ಚಿಸಿತು. ಕೇಳಿದ್ದರಿಂದ ಸಿಕ್ಕಿತು.

ಭಯದ ವಿಷಯವನ್ನೂ ಮುಚ್ಚಿಡುವುದಿಲ್ಲ. 2014ರ ಜೂನ್ 27ರಂದು ಆಂಧ್ರದ ನಗರಂ ಊರಲ್ಲಿ ಗ್ಯಾಸ್ ಪೈಪ್ ಒಡೆದು 20ಕ್ಕೂ ಹೆಚ್ಚು ಜನ ಸುಟ್ಟು ಸತ್ತರು. ತುಕ್ಕು ಹಿಡಿದ ಪೈಪ್ ಅದು. ಅಂಥದ್ದು ಅಪರೂಪ, ಆದರೆ ಪೈಪಿನ ಮೇಲೆ ಜೆಸಿಬಿ ಓಡಿಸುವುದು, ಗ್ಯಾಸ್ ವಾಸನೆ ಬಂದರೂ ಸುಮ್ನೆ ಇರುವುದು ಎರಡೂ ಬೇಡ.

ನಮ್ಮ ಕಾಕಾ ಅವರಿಗೆ ಆದದ್ದು ಇನ್ನೊಂದು ನಮೂನೆಯ ನಷ್ಟ. ಸುಮಾರು 60 ಅಡಿ ಅಗಲದ ಪಟ್ಟಿ, ಒಳ್ಳೆ ಎರೆ ಭೂಮಿ. ಅಗೆಯುವಾಗ ಗುತ್ತಿಗೆದಾರನ ಆಳುಗಳು ಮೇಲಿನ ಕಪ್ಪು ಮಣ್ಣನ್ನೂ ಕೆಳಗಿನ ಗರಸು ಮಣ್ಣನ್ನೂ ಒಂದೇ ಗುಡ್ಡೆ ಹಾಕಿದರು. ಮುಚ್ಚುವಾಗ ಗರಸು ಮೇಲೆ ಬಂತು. ನಾಲ್ಕು ವರ್ಷ ಆ ಪಟ್ಟಿಯಲ್ಲಿ ತೊಗರಿ ಮೊಣಕಾಲು ಮಟ್ಟ ದಾಟಲಿಲ್ಲ. ದೂರದಿಂದ ನೋಡಿದರೆ ಹೊಲದ ನಡುವೆ ಒಂದು ಹಳದಿ ದಾರಿ ಕಾಣುತ್ತಿತ್ತು. ಪರಿಹಾರ ಬಂದದ್ದು ಒಂದು ಬೆಳೆಗೆ. ಕಾಕಾ ಓದಿದವರಲ್ಲ, ತೋರಿಸಿದ ಕಡೆ ಸಹಿ ಹಾಕಿದ್ದರು. ಆಮೇಲೆ ಎರಡು ಬೇಸಿಗೆ ಕೆರೆಯ ಹೂಳು ಹೇರಿಸಿ ಆ ಪಟ್ಟಿಯನ್ನು ತಾವೇ ಸರಿಮಾಡಿಕೊಂಡರು.

ಅದಕ್ಕೇ ನಿಮಗೆ ಹೇಳುವುದು. ಅಧಿಸೂಚನೆ ಬಂದ ದಿನದಿಂದ 21 ದಿನದೊಳಗೆ ಆಕ್ಷೇಪಣೆ ಕೊಡುವ ಹಕ್ಕು ನಿಮಗಿದೆ. ಸಕ್ಷಮ ಪ್ರಾಧಿಕಾರ ಅನ್ನುವ ಅಧಿಕಾರಿಗೆ ಲಿಖಿತವಾಗಿ ಕೊಡಬೇಕು, ಸ್ವೀಕೃತಿ ತೆಗೆದುಕೊಳ್ಳಬೇಕು. 'ಪೈಪ್ ಬೇಡ' ಅಂತ ಒಂದೇ ಸಾಲು ಬರೆದರೆ ಪ್ರಯೋಜನ ಇಲ್ಲ. ನಿಮ್ಮ ಬೋರ್‌ವೆಲ್ ಎಲ್ಲಿದೆ, ಮಗನಿಗೆ ಮನೆ ಕಟ್ಟಬೇಕು ಅಂದುಕೊಂಡ ಜಾಗ ಯಾವುದು, ಬದುವಿನ ಗುಂಟ ಸರಿಸಿದರೆ ಎಷ್ಟು ಗುಂಟೆ ಉಳಿಯುತ್ತದೆ ಅಂತ ನಕ್ಷೆ ಸಮೇತ ಬರೆಯಿರಿ. ಪಹಣಿಯಲ್ಲಿ ಯಾರ ಹೆಸರಿದೆ ಈಗಲೇ ನೋಡಿ. ಸತ್ತ ಹಿರಿಯರ ಹೆಸರಿದ್ದರೆ ಪರಿಹಾರದ ಚೆಕ್ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಕೊಟ್ಟ ಪರಿಹಾರ ಸಾಲದಿದ್ದರೆ ಜಿಲ್ಲಾ ನ್ಯಾಯಾಧೀಶರ ಮುಂದೆ ಅರ್ಜಿ ಹಾಕಲು ಅದೇ ಕಾಯ್ದೆಯಲ್ಲಿ ಅವಕಾಶ ಇದೆ. ಅಕ್ಕಪಕ್ಕದ ನಾಲ್ಕು ಜನ ಸೇರಿ ಹೋದರೆ ವಕೀಲರ ಖರ್ಚೂ ಹಂಚಿಹೋಗುತ್ತದೆ.

ಅಗೆಯುವ ದಿನ ನೀವೇ ಹೊಲದಲ್ಲಿ ನಿಂತಿರಿ. ಕಪ್ಪು ಮಣ್ಣು ಒಂದು ಕಡೆ, ಗರಸು ಇನ್ನೊಂದು ಕಡೆ ಹಾಕಿಸಿ. ಫೋನಿನಲ್ಲಿ ದಿನಾಲೂ ಫೋಟೊ ತೆಗೆದಿಟ್ಟುಕೊಳ್ಳಿ. ಅಧಿಸೂಚನೆಯ ಪ್ರತಿ ಕೈಗೆ ಬಂದ ಮೇಲೆ ಅದರಲ್ಲಿರುವ ಸರ್ವೆ ನಂಬರ್ ಮತ್ತು ವಿಸ್ತೀರ್ಣ ಇಲ್ಲಿ ಬರೆಯಿರಿ, ಆಕ್ಷೇಪಣೆ ಅರ್ಜಿ ಬರೆಯಲು ನಾನು ಜೊತೆಗಿರುತ್ತೇನೆ.