ಎಂಟನೇ ತಿಂಗಳು, ರಾತ್ರಿ ಮಲಗಿದರೆ ಎದೆ ಢವಢವ ಅನ್ನುತ್ತೆ, ಹೆರಿಗೆ ನೆನೆದರೆ ಇನ್ನೂ ಜಾಸ್ತಿ. ಏನು ಮಾಡಲಿ?

34 ವಾರ, ಚೊಚ್ಚಲ ಬಸುರಿ, ಹಗಲು ಪರವಾಗಿಲ್ಲ, ರಾತ್ರಿ ತಲೆದಿಂಬಿಗೆ ತಲೆ ಕೊಟ್ಟ ಕೂಡಲೇ ಎದೆ ಹೊಡ್ಕೊಳ್ಳೋಕೆ ಶುರುವಾಗುತ್ತೆ, ಮನೆಯವರಿಗೆ ಹೇಳಿದರೆ ‘ಹೆದರಬೇಡ’ ಅಂತಾರೆ ಎಂದು ಬರೆದಿದ್ದೀರಿ. ಆ ‘ಹೆದರಬೇಡ’ವನ್ನು ನಾನೂ ಒಂದು ತಿಂಗಳು ಕೇಳಿಸಿಕೊಂಡೆ. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದಾಗ ಎಚ್‌ಬಿ, ಅಂದರೆ ರಕ್ತದ ಹಿಮೋಗ್ಲೋಬಿನ್, ಬರೀ 8.4 ಇತ್ತು. ಹೆದರಿಕೆ ಇರಲಿಲ್ಲ ಅಂತಲ್ಲ, ಬೇಕಾದಷ್ಟಿತ್ತು. ಆದರೆ ಎದೆ ಹೊಡ್ಕೊಳ್ಳುವುದಕ್ಕೆ ಅದೊಂದೇ ಕಾರಣವಾಗಿರಲಿಲ್ಲ. ನಾನು ಡಾಕ್ಟರಲ್ಲ, ಎರಡು ಹೆತ್ತವಳು, ಅಷ್ಟೇ. ನಾನು ಹೇಳುವುದು ಇಷ್ಟು: ಮೊದಲು ದೇಹದ ಲೆಕ್ಕ ನೋಡಿಸಿ, ಆಮೇಲೆ ಮನಸ್ಸಿನ ಲೆಕ್ಕ. ನಮ್ಮ ಮನೆಗಳಲ್ಲಿ ಇದು ಯಾವಾಗಲೂ ತಿರುಗುಮುರುಗಾಗಿ ನಡೆಯುತ್ತದೆ.

ನಾನು ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿಕೊಂಡು ಬೆಂಗಳೂರಿನಿಂದ ತಿಪಟೂರಿನ ಹತ್ತಿರ ಇರುವ ತವರಿಗೆ ಹೋದೆ. ಬೆಂಗಳೂರಿನ ಡಾಕ್ಟರನ್ನು ಬಿಟ್ಟು ತವರಿನ ಕಡೆಯವರನ್ನು ಹಿಡಿಯುವ ನಡುವೆ ಒಂದು ತಪಾಸಣೆ ತಪ್ಪಿಹೋಯಿತು. ಕಬ್ಬಿಣಾಂಶದ ಕೆಂಪು ಮಾತ್ರೆಗಳ ಕಥೆ ಇನ್ನೂ ನಾಚಿಕೆಯದು. ನುಂಗಿದರೆ ಹೊಟ್ಟೆ ತೊಳಸೋದು, ಮಲ ಕಪ್ಪಗೆ ಹೋಗೋದು, ಮೇಲೆ ದೊಡ್ಡಮ್ಮ ಬೇರೆ ‘ಜಾಸ್ತಿ ನುಂಗಬೇಡ, ಮಗು ಕಪ್ಪಾಗುತ್ತೆ’ ಅಂದಿದ್ದರು. ದಿನಾ ಒಂದು ಮಾತ್ರೆಯನ್ನು ಹಿತ್ತಲಿನ ನುಗ್ಗೆ ಮರದ ಬುಡಕ್ಕೆ ಎಸೆಯುತ್ತಿದ್ದೆ. (ಆ ವರ್ಷ ನುಗ್ಗೆ ಚೆನ್ನಾಗಿ ಬಿಟ್ಟಿತು ಅಂತ ನಮ್ಮಮ್ಮ ಈಗಲೂ ಆಡಿಕೊಳ್ಳುತ್ತಾರೆ.) ಮಾತ್ರೆಗೂ ಮಗುವಿನ ಬಣ್ಣಕ್ಕೂ ಸಂಬಂಧವೇ ಇಲ್ಲ. ಮಲ ಕಪ್ಪಾಗುವುದು ಒಳಗೆ ಹೀರದೆ ಉಳಿದ ಕಬ್ಬಿಣದಿಂದ, ಅದಕ್ಕೆ ಹೆದರಬೇಕಿಲ್ಲ.

ಕಂಡುಹಿಡಿದದ್ದು ನಮ್ಮೂರಿನ ಆಶಾ ಕಾರ್ಯಕರ್ತೆ ಅಕ್ಕ. ತಾಯಿ ಕಾರ್ಡ್ ನೋಡೋಕೆ ಬಂದವರು ‘ಎಲ್ಲಿ, ಕಣ್ಣು ತೋರ್ಸು ತಾಯಿ’ ಅಂದು ಕೆಳರೆಪ್ಪೆ ಎಳೆದು ನೋಡಿದರು. ‘ಮಾತ್ರೆ ನುಂಗ್ತಿದ್ದೀಯೋ, ಎಸೀತಿದ್ದೀಯೋ?’ ಅಂತ ನೇರವಾಗಿ ಕೇಳಿದರು. ನನಗೆ ಉತ್ತರ ಹೊರಡಲಿಲ್ಲ. ಆ ತಿಂಗಳ 9ನೇ ತಾರೀಖು ತಾವೇ ಜೊತೆಗೆ ತಾಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದರು. ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ ಅಂತ 2016ರಿಂದ ಇದೆ, ಪ್ರತಿ ತಿಂಗಳು 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಾಲ್ಕನೇ ತಿಂಗಳಿನಿಂದ ಮುಂದಿನ ಗರ್ಭಿಣಿಯರಿಗೆ ಡಾಕ್ಟರ್ ಉಚಿತವಾಗಿ ತಪಾಸಣೆ ಮಾಡುತ್ತಾರೆ. ನಿಮ್ಮ ಮುಂದಿನ ತಪಾಸಣೆ ದೂರ ಇದ್ದರೆ ಇದನ್ನು ಬಿಡಬೇಡಿ.

ಅಲ್ಲಿನ ಡಾಕ್ಟರ್ ನನಗೆ ಬಿಡಿಸಿ ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಬಸುರಿಯ ಮೈಯಲ್ಲಿ ರಕ್ತ ಮೊದಲಿಗಿಂತ ಶೇ 40ರಿಂದ 50ರಷ್ಟು ಹೆಚ್ಚುತ್ತದೆ, 32–34 ವಾರದ ಹೊತ್ತಿಗೆ ಅದು ಹೆಚ್ಚುಕಡಿಮೆ ತುದಿ ಮುಟ್ಟಿರುತ್ತದೆ. ಅಂದರೆ ನೀವು ಈಗ ಇರುವ ಹೊತ್ತು. ಅಷ್ಟೂ ರಕ್ತವನ್ನು ತಳ್ಳೋಕೆ ಹೃದಯ ನಿಮಿಷಕ್ಕೆ 10ರಿಂದ 20 ಸಲ ಜಾಸ್ತಿ ಬಡಿಯುತ್ತದೆ. ಮುಂಚೆ 75 ಇದ್ದದ್ದು ಈಗ 90 ಆಗಿದ್ದರೆ ಗಾಬರಿ ಬೇಡ. ಅಂಗಾತ ಮಲಗಿದಾಗ ಇನ್ನೊಂದು ತೊಂದರೆ. ಕಾಲಿನ ಕಡೆಯಿಂದ ಹೃದಯಕ್ಕೆ ರಕ್ತ ವಾಪಸ್ ತರುವ ದೊಡ್ಡ ನಾಳ ಬೆನ್ನುಮೂಳೆಯ ಪಕ್ಕದಲ್ಲೇ ಹೋಗುತ್ತದೆ, ತುಂಬಿದ ಗರ್ಭಕೋಶದ ಭಾರ ಅದರ ಮೇಲೆ ಬೀಳುತ್ತದೆ. ಹೃದಯಕ್ಕೆ ಬರುವ ರಕ್ತ ಕಡಿಮೆಯಾದಾಗ ಅದು ಓಡೋಕೆ ಶುರುಮಾಡುತ್ತದೆ, ತಲೆ ಸುತ್ತುತ್ತದೆ, ಬೆವರು ಬರುತ್ತದೆ. ‘ಮಲಗಿದ ಕೂಡಲೇ’ ಅಂತ ನೀವು ಬರೆದದ್ದು ಓದಿದಾಗ ನನಗೆ ಮೊದಲು ಹೊಳೆದದ್ದು ಇದೇ. ಎಡಮಗ್ಗುಲಿಗೆ ತಿರುಗಿ, ಮಂಡಿಗಳ ನಡುವೆ ಒಂದು ದಿಂಬು, ಬೆನ್ನ ಹಿಂದೆ ಹಳೇ ಸೀರೆಯ ಸುರುಳಿ ಒತ್ತಿಕೊಂಡು ಮಲಗಿ. ನನಗೆ ಅರ್ಧ ರಾತ್ರಿಗಳು ಅಲ್ಲೇ ಸರಿಹೋದವು.

ಇದರ ಮೇಲೆ ರಕ್ತಹೀನತೆ ಸೇರಿದರೆ ಹೃದಯಕ್ಕೆ ಎರಡು ಪಟ್ಟು ಕೂಲಿ. ಗರ್ಭಿಣಿಗೆ ಎಚ್‌ಬಿ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಕಡಿಮೆ ಆದರೆ ತೀವ್ರ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ, ಶೇ 52ರಷ್ಟು ಮಂದಿಗೆ, ಇದು ಇತ್ತು. ಮನೆಯವರು ‘ಭಯ’ ಅನ್ನುವ ಎದೆಬಡಿತಗಳಲ್ಲಿ ಎಷ್ಟು ಇದರದ್ದೋ! ನನಗೆ ಹೆರಿಗೆಗೆ ಹೆಚ್ಚು ದಿನ ಉಳಿದಿರಲಿಲ್ಲ ಅಂತ ಕಬ್ಬಿಣಾಂಶದ ಡ್ರಿಪ್ ಹಾಕಿದರು, ದಿನ ಬಿಟ್ಟು ದಿನ ಹೋಗಿ ನಾಲ್ಕು ಸಲ ಹಾಕಿಸಿಕೊಂಡೆ. 37ನೇ ವಾರಕ್ಕೆ 10.1ಕ್ಕೆ ಬಂತು. ನೀವು ಮಾತ್ರೆ ನುಂಗುತ್ತಿದ್ದರೆ ಕಾಫಿ, ಟೀ, ಹಾಲು, ಕ್ಯಾಲ್ಸಿಯಂ ಮಾತ್ರೆ ಇವು ಯಾವುದರ ಜೊತೆಗೂ ಬೇಡ, ನಡುವೆ ಎರಡು ಗಂಟೆ ಬಿಡಿ. ನಿಂಬೆಹಣ್ಣಿನ ನೀರಿನ ಜೊತೆ ಒಳ್ಳೆಯದು. ಹೊಟ್ಟೆ ತೊಳಸಿದರೆ ರಾತ್ರಿ ಊಟವಾದ ಮೇಲೆ ನುಂಗಿ ಮಲಗಿಬಿಡಿ. ಎಸೆಯೋದಕ್ಕಿಂತ ಮೇಲು.

ಡಾಕ್ಟರ್ ನನಗೆ ಥೈರಾಯ್ಡ್ ಪರೀಕ್ಷೆ ಬರೆದರು, ಬಿಪಿ ನೋಡಿದರು, ಎದೆಗೆ ಸ್ಟೆತಸ್ಕೋಪ್ ಇಟ್ಟು ತುಂಬಾ ಹೊತ್ತು ಕೇಳಿದರು. ಚಿಕ್ಕಂದಿನಲ್ಲಿ ಜ್ವರದ ಜೊತೆ ಕೀಲು ಊದಿಕೊಂಡಿತ್ತಾ ಅಂತ ಕೇಳಿದರು. ಹಾಗೆ ಬರುವ ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಕೆಟ್ಟಿದ್ದರೆ ಎಷ್ಟೋ ಹೆಂಗಸರಿಗೆ ಅದು ಮೊದಲ ಸಲ ಗೊತ್ತಾಗುವುದೇ ಬಸುರಿನಲ್ಲಂತೆ. ನಿಮಗೆ ಅಂಥದ್ದೇನಾದರೂ ನೆನಪಿದ್ದರೆ ಹೇಳಿ. ಹೃದಯ ನೋಡುವ ಇಸಿಜಿ, ಎಕೋ ಪರೀಕ್ಷೆ ಬರೆದುಕೊಟ್ಟರೆ ಮಗುವಿಗೆ ಏನಾಗುತ್ತೋ ಅಂತ ಹಿಂದೆಗೆಯಬೇಡಿ, ಎರಡರಲ್ಲೂ ವಿಕಿರಣ ಇಲ್ಲ. ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ದಿನ ತುಂಬುವ ಮುಂಚೆ ನೋವು ಬಾರದಿರಲಿ ಅಂತ ಕೊಡುವ ಐಸಾಕ್ಸುಪ್ರೀನ್, ಉಬ್ಬಸಕ್ಕೆ ಎಳೆಯುವ ಸಾಲ್ಬುಟಮಾಲ್ ಪಂಪು, ಇವೆರಡೂ ಎದೆಬಡಿತ ಏರಿಸುತ್ತವೆ. ನೀವಾಗಿ ನಿಲ್ಲಿಸಬೇಡಿ, ಕೇಳಿ. ಕಾಫಿ ದಿನಕ್ಕೆ ಎರಡು ಸಣ್ಣ ಲೋಟಕ್ಕೆ ನಿಲ್ಲಿಸಿ, ಸಂಜೆ ಮೇಲೆ ಬೇಡವೇ ಬೇಡ.

ಕೆಲವಕ್ಕೆ ನಾಳೆವರೆಗೆ ಕಾಯಬಾರದು. ಎದೆ ನೋವು, ತಲೆ ತಿರುಗಿ ಬೀಳುವುದು, ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುವಂತಾಗುವುದು, ಸುಮ್ಮನೆ ಕೂತಿದ್ದರೂ ನಾಡಿ 120ರ ಮೇಲೆ ಹೋಗಿ ಇಳಿಯದಿರುವುದು, ಬಡಿತ ತಾಳ ತಪ್ಪಿ ಎಡವುವುದು, ಮುಖ ಊದಿ ತಲೆನೋವಿನ ಜೊತೆ ಕಣ್ಣು ಮಂಜಾಗುವುದು, ಮಗುವಿನ ಒದೆತ ಕಡಿಮೆಯಾಗುವುದು, ರಕ್ತ ಅಥವಾ ನೀರು ಹೋಗುವುದು. ಇದರಲ್ಲಿ ಒಂದಿದ್ದರೂ ಮಧ್ಯರಾತ್ರಿಯಾದರೂ ಸರಿ, 108ಕ್ಕೆ ಫೋನ್ ಮಾಡಿ. ‘ಇಷ್ಟಕ್ಕೆಲ್ಲ ಬಂದ್ಯಾ’ ಅಂತ ಯಾರಾದರೂ ಅಂದರೆ ಅನ್ನಲಿ.

ಇನ್ನು ಹೆದರಿಕೆಯ ಮಾತು. ಡ್ರಿಪ್ ಹಾಕಿಸಿಕೊಂಡ ಮೇಲೆ ಮೆಟ್ಟಿಲು ಹತ್ತಿದರೆ ಏದುಸಿರು ಬರೋದು ನಿಂತಿತು, ಆದರೂ ರಾತ್ರಿ ಎರಡಕ್ಕೆ ಎಚ್ಚರವಾಗಿ ಎದೆ ಹೊಡ್ಕೊಳ್ಳೋದು ಪೂರ್ತಿ ಹೋಗಲಿಲ್ಲ. ಅದು ನಿಜವಾಗಿ ಭಯದ್ದೇ. ಅದಕ್ಕೆ ಗೊಬ್ಬರ ಹಾಕುತ್ತಿದ್ದವರು ನೋಡೋಕೆ ಬರುವ ನೆಂಟರು. ಬಸುರಿ ಮುಂದೆ ಕೂತರೆ ಎಲ್ಲರಿಗೂ ತಮ್ಮ ಹೆರಿಗೆ ನೆನಪಾಗುತ್ತದೆ, ಅದರಲ್ಲೂ ಕೆಟ್ಟದ್ದೇ. ಒಬ್ಬರಿಗೆ ಎರಡು ದಿನ ನೋವು, ಇನ್ನೊಬ್ಬರ ನಾದಿನಿಗೆ ರಕ್ತ ನಿಲ್ಲಲಿಲ್ಲ, ಕೊನೆಗೆ ಚಕ್ಕುಲಿ ಮುರಿಯುತ್ತಾ ‘ಹೆರಿಗೆ ಅಂದ್ರೆ ಹೆಣ್ಣಿಗೆ ಮರುಹುಟ್ಟು ಕಣವ್ವ’. ನಮ್ಮಮ್ಮನಿಗೆ ಒಂದು ದಿನ ಹೇಳಿದೆ, ಇನ್ನು ಯಾರಾದರೂ ಆ ಮಾತು ತೆಗೆದರೆ ನನ್ನನ್ನು ಒಳಗೆ ಕರೆದುಬಿಡು ಅಂತ. ಅಮ್ಮ ಅದನ್ನು ಚಾಚೂ ತಪ್ಪದೆ ಮಾಡಿದರು. ‘ಲೇ, ಹಾಲು ಉಕ್ತು ನೋಡೇ’ ಅಂತ ಕೂಗೋರು, ಒಲೆ ಮೇಲೆ ಹಾಲೇ ಇರುತ್ತಿರಲಿಲ್ಲ. ನಿಮಗೂ ಅಂಥವರು ಒಬ್ಬರು ಬೇಕು.

ಅಜ್ಜಿಯರ ಕಥೆ ಸುಳ್ಳಲ್ಲ, ಅವರ ಕಾಲದ ಸತ್ಯ. ದೂರ ಹೋಗುವುದೂ ಬೇಡ, 2001–03ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು, 2018–20ರ ಲೆಕ್ಕದಲ್ಲಿ ಅದು 69. ಆ 69 ಕೂಡ ಜಾಸ್ತಿಯೇ. ಆದರೆ ರಾತ್ರಿ ಎರಡು ಗಂಟೆಗೆ ನನ್ನ ತಲೆಯೊಳಗೆ ಓಡುತ್ತಿದ್ದ ಲೆಕ್ಕ ನೂರಕ್ಕೆ ಐವತ್ತು ಅನ್ನುವಂತಿತ್ತು.

ಒಂದು ರಾತ್ರಿ ನಿದ್ದೆ ಬಾರದೆ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಭಯಗಳನ್ನು ಬರೆಯುತ್ತಾ ಹೋದೆ. ಸುಮ್ಮನೆ ‘ಭಯ’ ಅಂತಿದ್ದದ್ದು ಬರೆದಾಗ ನಾಲ್ಕೈದು ಪ್ರಶ್ನೆಯಾಯಿತು. ನಡುರಾತ್ರಿ ನೋವು ಬಂದರೆ ಹೋಗೋದು ಹೇಗೆ? ಅದು ನಿಜವಾದ ನೋವು ಅಂತ ಗೊತ್ತಾಗೋದು ಹೇಗೆ? ಕೆಳಗೆ ಕೊಯ್ಯುತ್ತಾರಾ? ಕೂಗಿದರೆ ನರ್ಸ್ ಬೈತಾರಾ? ನನ್ನ ಎದೆ ಹೀಗೆ ಹೊಡ್ಕೊಂಡರೆ ಮಗುವಿನ ಹೃದಯಕ್ಕೆ ಏನಾಗುತ್ತೆ? ಹಾಳೆ ಹರಿದುಕೊಂಡು ಹೋಗಿ ಡಾಕ್ಟರ್ ಮೇಜಿನ ಮೇಲೆ ಇಟ್ಟೆ. ಬಾಯಲ್ಲಿ ಕೇಳಿದ್ದರೆ ಎರಡನೆಯದಕ್ಕೇ ನಾಚಿಕೊಂಡು ಎದ್ದುಬರುತ್ತಿದ್ದೆ.

ನೋವು ಐದು ನಿಮಿಷಕ್ಕೊಮ್ಮೆ ಬರುತ್ತಾ, ಒಂದೊಂದೂ ಹೆಚ್ಚುಕಡಿಮೆ ಒಂದು ನಿಮಿಷ ನಿಂತು, ಹೀಗೇ ಒಂದು ಗಂಟೆ ನಡೆದರೆ ಹೊರಡಿ, ಮನೆ ದೂರ ಇದ್ದರೆ ಇನ್ನೂ ಮುಂಚೆ ಹೊರಡಿ ಅಂದರು. ಓಡಾಡಿದಾಗ, ಮಗ್ಗುಲು ಬದಲಿಸಿದಾಗ ಇಳಿದುಹೋದರೆ ಸುಳ್ಳು ನೋವು. ಎಲ್ಲರಿಗೂ ಕೊಯ್ಯುವುದಿಲ್ಲ, ಬೇಕಾದರೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟೇ ಕೊಯ್ಯುವುದು. ಕೊನೆಯ ಪ್ರಶ್ನೆಗೆ ಅವರು ಮಾತನಾಡಲೇ ಇಲ್ಲ, ಮಗುವಿನ ಎದೆಬಡಿತ ಕೇಳಿಸುವ ಡಾಪ್ಲರ್ ಯಂತ್ರವನ್ನು ಹೊಟ್ಟೆ ಮೇಲೆ ಇಟ್ಟರು. ಕುದುರೆ ಓಡಿದ ಹಾಗೆ ಸದ್ದು. ‘142. ಮಗುವಿಗೆ 110ರಿಂದ 160 ಇರಬೇಕು. ನಿನ್ನ ಗಾಬರಿ ಅದಕ್ಕೆ ಗೊತ್ತೇ ಇಲ್ಲ, ಅದರ ಪಾಡಿಗೆ ಅದು ಇದೆ’ ಅಂದರು. ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ.

ಕೂಗಿದರೆ ಬೈತಾರಾ ಅನ್ನುವುದಕ್ಕೆ ಉತ್ತರ ಹೆರಿಗೆ ವಾರ್ಡಿನ ನರ್ಸಮ್ಮನಿಂದ ಸಿಕ್ಕಿತು. ಒಳಗೆ ಕರೆದು ಮಂಚ, ಮಗುವನ್ನು ಬೆಚ್ಚಗಿಡುವ ಜಾಗ, ಬಚ್ಚಲು ಎಲ್ಲ ತೋರಿಸಿದರು. ‘ಕೂಗವ್ವ, ನಿನ್ನ ಗಂಟಲು. ಆದ್ರೆ ನಾನು ಮುಕ್ಕು ಅಂದಾಗ ಕೂಗ್ಬೇಡ, ಮುಕ್ಕು’ ಅಂದರು. ಒಂದು ಹೆಂಗಸನ್ನು ಜೊತೆಗೆ ಬಿಡುತ್ತೀರಾ ಅಂತ ಕೇಳಿದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಹೊತ್ತಿನಲ್ಲಿ ಒಬ್ಬರು ಜೊತೆಗಿರಬಹುದು ಅಂತ ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಹೇಳಿದೆ, ಆದರೂ ಮೊದಲೇ ಕೇಳಿ ಖಾತ್ರಿ ಮಾಡಿಕೊಳ್ಳಿ. ನಾನು ಅಮ್ಮನನ್ನು ಬಿಟ್ಟು ಚಿಕ್ಕಮ್ಮನನ್ನು ಆರಿಸಿದೆ, ಅಮ್ಮನಿಗೆ ನನಗಿಂತ ಹೆಚ್ಚು ಭಯ. ಅಮ್ಮ ಎರಡು ದಿನ ಮುಖ ಊದಿಸಿಕೊಂಡಿದ್ದರು.

ರಾತ್ರಿ ಎದೆ ಶುರುವಾದ ಹೊತ್ತಿಗೆ ನಾನು ಮಾಡುತ್ತಿದ್ದದ್ದು ಹೀಗೆ. ಎದ್ದು ಗೋಡೆಗೆ ಒರಗಿ ಕೂತು, ಮಣಿಕಟ್ಟಿನ ನಾಡಿ ಹಿಡಿದು ಮೂವತ್ತು ಸೆಕೆಂಡ್ ಎಣಿಸಿ ಎರಡರಿಂದ ಗುಣಿಸುತ್ತಿದ್ದೆ. 150 ಇರಬಹುದು ಅಂತ ಗಾಬರಿಯಾಗಿದ್ದದ್ದು ಎಣಿಸಿದರೆ 96. ಆಮೇಲೆ ಮೂಗಿನಲ್ಲಿ ನಾಲ್ಕು ಎಣಿಸುವಷ್ಟು ಉಸಿರು ತೆಗೆದುಕೊಂಡು, ಬಿಸಿ ಕಾಫಿ ಆರಿಸುವ ಹಾಗೆ ಬಾಯಿಂದ ಆರು ಎಣಿಸುವಷ್ಟು ಬಿಡುವುದು. ಉಸಿರು ಹಿಡಿಯುವುದು ಬೇಡ. ಹೊರಗೆ ಬಿಡುವುದು ಉದ್ದವಾದಷ್ಟೂ ಬಡಿತ ಇಳಿಯುತ್ತದೆ. ಹತ್ತು ನಿಮಿಷ ಸಾಕು. ಹೆರಿಗೆ ನೋವಿನಲ್ಲೂ ಕೈಗೆ ಬಂದದ್ದು ಇದೊಂದೇ, ಅಭ್ಯಾಸ ಆಗಿತ್ತಲ್ಲ.

ಹಗಲೂ ಅಳು ಬರುವುದು, ಊಟ ಸೇರದಿರುವುದು, ನಿದ್ದೆಯೇ ಇಲ್ಲದಿರುವುದು ಎರಡು ವಾರ ಮೀರಿದರೆ ಉಸಿರಾಟದಿಂದ ಆಗುವ ಕೆಲಸ ಅಲ್ಲ ಅದು. ಸತ್ತುಹೋಗೋಣ ಅನ್ನಿಸಿದರಂತೂ ಎರಡು ವಾರ ಕಾಯುವ ಮಾತೇ ಇಲ್ಲ, ಆ ಕ್ಷಣವೇ ಮನೆಯವರಿಗೆ ಹೇಳಿ ಡಾಕ್ಟರ ಹತ್ತಿರ ಹೋಗಿ. ಟೆಲಿ ಮಾನಸ್ ಅಂತ ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ, 14416 ನಂಬರ್ ಇದೆ, ಯಾವ ಹೊತ್ತಿನಲ್ಲಾದರೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗರ್ಭಿಣಿ, ಬಾಣಂತಿಯರಿಗೆಂದೇ ವಿಭಾಗ ಇದೆ. ನನ್ನ ಹೆರಿಗೆ ಕಾಲಕ್ಕೆ ಆ ನಂಬರ್ ಇರಲಿಲ್ಲ, ಇದ್ದಿದ್ದರೆ ನಾನಂತೂ ಮಾಡುತ್ತಿದ್ದೆ.

39ನೇ ವಾರ, ಹೆದರಿದ್ದ ಹಾಗೇ ನಡುರಾತ್ರಿ ನೋವು ಶುರುವಾಯಿತು. ಆಟೋ ಅಣ್ಣನ ನಂಬರ್ ಗೋಡೆ ಮೇಲೆ ಬರೆದಿಟ್ಟಿದ್ದೆವು. ಹದಿನಾಲ್ಕು ಗಂಟೆ ಹಿಡಿಯಿತು. ನೋವಿರಲಿಲ್ಲ ಅಂತ ಸುಳ್ಳು ಹೇಳಲಾರೆ, ತುಂಬಾ ಇತ್ತು, ಎದೆಯೂ ಹೊಡ್ಕೊಂಡಿತು. ಆದರೆ ಒಂದೊಂದು ನೋವಿಗೂ ನಡುವೆ ಬಿಡುವು ಇರುತ್ತದೆ ಅಂತ ಆ ನೆಂಟರಲ್ಲಿ ಒಬ್ಬರೂ ಹೇಳಿರಲಿಲ್ಲ. ಆ ಬಿಡುವಿನಲ್ಲಿ ನಾನು ಎಳನೀರು ಕುಡಿದೆ, ಚಿಕ್ಕಮ್ಮನ ಭುಜಕ್ಕೆ ಒರಗಿ ಜೋಂಪು ಹತ್ತಿ ಒಂದೆರಡು ಸಲ ಗೊರಕೆಯನ್ನೂ ಹೊಡೆದೆನಂತೆ.

ಈಗ ಎದ್ದು ನಿಮ್ಮ ತಾಯಿ ಕಾರ್ಡ್ ತೆಗೆದು ಕೊನೆಯ ಎಚ್‌ಬಿ ಎಷ್ಟು, ಯಾವ ತಾರೀಖಿನದು ಅಂತ ನೋಡಿ. 11ಕ್ಕಿಂತ ಕಡಿಮೆ ಇದ್ದರೆ, ಇಲ್ಲವೇ ತಿಂಗಳಿಗಿಂತ ಹಳೆಯದಾಗಿದ್ದರೆ, ನಾಳೆ ಬೆಳಗ್ಗೆ ತಿಂಡಿ ತಿಂದು ಹೊರಡಿ. ಮಾತ್ರೆ ಚೀಲ ಮರೆಯಬೇಡಿ.