ಒಂಬತ್ತೇ ಹಾಡಿಗೆ ಇಷ್ಟೊಂದು ಜಗಳವಾ?

ಸಂಪಾದಕರ ಉತ್ತರ

ಹುಬ್ಬಳ್ಳಿಯ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂತ ಕೇಳಿಕೊಂಡಿದ್ದಾರೆ. ಪತ್ರದ ಮುಖ್ಯ ಭಾಗ ಹೀಗಿದೆ:

“ಕಳೆದ ಸಂಚಿಕೆಯಲ್ಲಿ ನ್ಯೂಯಾರ್ಕಿನ ರ‍್ಯಾಪರ್ ನಾಸ್‌ನ ‘ಇಲ್‌ಮ್ಯಾಟಿಕ್’ ಬಗ್ಗೆ ನೀವು ಬರೆದದ್ದು ಓದಿ ತಲೆ ಕೆಟ್ಟಿತು. ಹಿಪ್‌ಹಾಪ್‌ನಲ್ಲಿ ಅದಕ್ಕಿಂತ ದೊಡ್ಡ ಆಲ್ಬಮ್ಮೇ ಇಲ್ಲ ಅಂತೀರಿ. ಇರೋದು ಒಂಬತ್ತು ಹಾಡು, ಮುಂದೊಂದು ಪೀಠಿಕೆ. ಬಂದಾಗ ಜನ ಕೊಳ್ಳಲೂ ಇಲ್ಲ. ವಿಮರ್ಶಕರು ಎತ್ತಿ ಮೆರೆಸಿದರು, ಅಷ್ಟೆ. ಗುಂಡು, ಗಾಂಜಾ, ಜೈಲು ಬಿಟ್ಟರೆ ಅದರಲ್ಲಿ ಏನಿದೆ? ಅವನದೇ ಎರಡನೇ ಆಲ್ಬಮ್ ‘ಇಟ್ ವಾಸ್ ರಿಟನ್’ ಎಷ್ಟೋ ಮೇಲು. ಆಮೇಲೆ ಜೀವನಪೂರ್ತಿ ಮೊದಲ ಆಲ್ಬಮ್ಮಿನ ಹೆಸರಲ್ಲೇ ಉಂಡ ಮನುಷ್ಯ ಅವನು. ನಾನೂ ನನ್ನ ರೂಮ್‌ಮೇಟೂ ಈ ವಿಷಯಕ್ಕೆ ಒಂದು ಪ್ಲೇಟ್ ಗಿರ್ಮಿಟ್, ಒಂದು ಪ್ಲೇಟ್ ಮಿರ್ಚಿ ಪಣ ಕಟ್ಟಿದ್ದೇವೆ. ಅವನು ನಿಮ್ಮ ಪಾರ್ಟಿ. ನ್ಯಾಯ ನೀವೇ ಹೇಳಿ. ಅಂದಹಾಗೆ, ನಾಸ್‌ನ ಅಪ್ಪ ಊದಿದ್ದು ಟ್ರಂಪೆಟ್ ಅಲ್ಲ, ಕಾರ್ನೆಟ್. ಇಷ್ಟೂ ಗೊತ್ತಿಲ್ಲದವರು ಆಲ್ಬಮ್‌ಗೆ ಮಾರ್ಕ್ಸ್ ಹಾಕೋಕೆ ಬರ್ತೀರಾ?”

ಪ್ರಿಯ ಓದುಗರೇ,

ಕಾರ್ನೆಟ್ ವಿಷಯ ಮೊದಲು ಮುಗಿಸೋಣ. ತಪ್ಪು ನಮ್ಮದೇ. ಊದಿದವರು ಒಲು ದಾರಾ. ಮಿಸಿಸಿಪ್ಪಿ ಕಡೆಯಿಂದ ನ್ಯೂಯಾರ್ಕಿಗೆ ಬಂದ ಜಾಝ್ ಕಲಾವಿದ, ನಾಸ್‌ನ ತಂದೆ. ಕಾರ್ನೆಟ್ ಅಂದರೆ ಟ್ರಂಪೆಟ್‌ನ ಗಿಡ್ಡ ತಮ್ಮ ಇದ್ದ ಹಾಗೆ. ದನಿ ಸ್ವಲ್ಪ ಮೆತ್ತಗೆ. ‘ಲೈಫ್ಸ್ ಅ ಬಿಚ್’ ಹಾಡಿನಲ್ಲಿ ಮಗ, ಮಗನ ಗೆಳೆಯ ಎಜ಼ೀ ಇಬ್ಬರೂ ಹೇಳುವುದನ್ನೆಲ್ಲ ಹೇಳಿ ಮುಗಿಸಿದ ಮೇಲೆ ಅಪ್ಪ ಬರುತ್ತಾರೆ. ಮಾತಿಲ್ಲ, ಬರೀ ಉಸಿರು. ಸಾವು ಯಾವಾಗ ಬೇಕಾದರೂ ಬರಬಹುದು, ಇವತ್ತು ಮಜಾ ಮಾಡೋಣ ಅಂತ ಇಪ್ಪತ್ತರ ಹುಡುಗರು ಹೇಳಿದ ಮಾತಿಗೆ ಅಪ್ಪನದು ‘ಹ್ಞೂಂ’ ಅಲ್ಲ, ‘ಉಹುಂ’ನೂ ಅಲ್ಲ. ಸುಮ್ನೆ ಪಕ್ಕದಲ್ಲಿ ಬಂದು ಕೂತ ಹಾಗೆ. ಟ್ರಂಪೆಟ್ ಆಗಿದ್ದರೆ ಅದು ಭಾಷಣವಾಗುತ್ತಿತ್ತೇನೋ. ನೀವು ತಿದ್ದಿದ್ದಕ್ಕೆ ನಿಜವಾಗಿಯೂ ಖುಷಿಯಾಯಿತು.

ಇನ್ನು ಒಂಬತ್ತು ಹಾಡಿನ ತಕರಾರು. ಒಟ್ಟು ಆಲ್ಬಮ್ 40 ನಿಮಿಷಕ್ಕೂ ಚೂರು ಕಡಿಮೆ, ನಿಜ. ಇದು ನನಗೆ ಎಷ್ಟು ಚೆನ್ನಾಗಿ ಗೊತ್ತು ಅಂದರೆ, ನಾನು ಇದನ್ನು ಮೊದಲು ಕೇಳಿದ್ದು ಮೈಸೂರಿನ ಹಾಸ್ಟೆಲ್ಲಿನಲ್ಲಿ, ಯಾರೋ ಕಾಪಿ ಮಾಡಿಕೊಟ್ಟ 60 ನಿಮಿಷದ ಕ್ಯಾಸೆಟ್ಟಿನಲ್ಲಿ. ಒಂದೊಂದು ಬದಿಗೂ ಐದೈದು, ಸುಮಾರು 20 ನಿಮಿಷ. ಎರಡೂ ಕಡೆ ಹತ್ತತ್ತು ನಿಮಿಷ ಟೇಪು ಉಳಿದಿತ್ತು. ಅದಕ್ಕೆ ಆ ಪುಣ್ಯಾತ್ಮ ಸಿನಿಮಾ ಹಾಡು ತುಂಬಿಸಿದ್ದ. ಹೀಗಾಗಿ ಇವತ್ತಿಗೂ ಮೊದಲ ಬದಿಯ ಕೊನೆಯ ಹಾಡು ‘ಹಾಫ್‌ಟೈಮ್’ ಮುಗಿದ ಕೂಡಲೇ ನನ್ನ ಕಿವಿ ಪಿಟೀಲಿಗೆ ಕಾಯುತ್ತದೆ. ಮೊದಲ ಒಂದು ವರ್ಷ ಒಂದು ಮಾತೂ ಅರ್ಥವಾಗಲಿಲ್ಲ, ಆ ಮಾತು ಬೇರೆ. ಆದರೂ ಮತ್ತೆ ಮತ್ತೆ ಹಾಕಿದೆ. ಯಾಕೆ ಅಂದರೆ, ಅದರಲ್ಲಿ ದಾಟಿಸಿ ಓಡಿಸಬೇಕಾದ ಹಾಡೇ ಇರಲಿಲ್ಲ. ಆಗ ಸೀಡಿ ಕಾಲ. ಒಂದು ತಟ್ಟೆಯಲ್ಲಿ 74 ನಿಮಿಷ ಜಾಗ ಇದೆಯಲ್ಲ ಅಂತ ಎಲ್ಲರೂ ನಡುನಡುವೆ ನಾಟಕ, ನಗೆಹನಿ ಎಲ್ಲ ತುರುಕುತ್ತಿದ್ದರು. ಈ ಹುಡುಗ ಅದನ್ನು ಮಾಡಲಿಲ್ಲ. ಒಂಬತ್ತು ಹಾಡು ಕಡಿಮೆಯಾಯಿತು ಅನ್ನುವವರಿಗೆ ಊಟದ ಎಲೆ ಅಗಲ ನೋಡಿ ಅಡುಗೆಗೆ ಮಾರ್ಕ್ಸ್ ಹಾಕಬೇಡಿ ಅಂತಷ್ಟೇ ಹೇಳಬಲ್ಲೆ.

ಜನ ಕೊಳ್ಳಲಿಲ್ಲ ಅಂತೀರಿ. ಅರ್ಧ ಸರಿ. 1994ರ ಏಪ್ರಿಲ್ 19ರಂದು ಕೊಲಂಬಿಯಾ ಕಂಪನಿ ಇದನ್ನು ಬಿಡುಗಡೆ ಮಾಡಿತು. ಮೊದಲ ವಾರ ಸುಮಾರು 60,000 ಪ್ರತಿ ಹೋಯಿತು. ಅಮೆರಿಕದ ಲೆಕ್ಕದಲ್ಲಿ ಅದು ಸಾಧಾರಣ. ಬಿಡುಗಡೆಗೆ ಮೊದಲೇ ನಕಲಿ ಪ್ರತಿಗಳು ಬೀದಿಯಲ್ಲಿ ಓಡಾಡುತ್ತಿದ್ದವು ಅನ್ನುವುದನ್ನೂ ಸೇರಿಸಿಕೊಳ್ಳಿ (ನನ್ನ ಕ್ಯಾಸೆಟ್ಟೂ ಅದೇ ಜಾತಿ). ಐದು ಲಕ್ಷದ ಗೋಲ್ಡ್ ಪಟ್ಟ ಸಿಗುವಾಗ 1996. ಹತ್ತು ಲಕ್ಷದ ಪ್ಲಾಟಿನಮ್ ಸಿಗುವಾಗ 2001. ‘ದಿ ಸೋರ್ಸ್’ ಅನ್ನುವ ಹಿಪ್‌ಹಾಪ್ ಪತ್ರಿಕೆ ಐದಕ್ಕೆ ಐದು ಮೈಕ್ (ಅಲ್ಲಿ ಮಾರ್ಕ್ಸ್ ಅಂದರೆ ಮೈಕ್) ಕೊಟ್ಟಿತ್ತು, ಹೊಸ ಹುಡುಗನಿಗೆ ಇಷ್ಟಾ ಅಂತ ಆಗಲೇ ಗಲಾಟೆಯೂ ಆಗಿತ್ತು. ಆದರೆ ಆಲ್ಬಮ್ಮನ್ನು ಉಳಿಸಿದವರು ವಿಮರ್ಶಕರಲ್ಲ, ಇತರ ರ‍್ಯಾಪರ್‌ಗಳು. 1996ರಲ್ಲಿ ಜೇ-ಜ಼ೀ ತನ್ನ ‘ಡೆಡ್ ಪ್ರೆಸಿಡೆಂಟ್ಸ್’ ಹಾಡಿಗೆ ನಾಸ್‌ನ ದನಿಯನ್ನೇ ಕತ್ತರಿಸಿ ಪಲ್ಲವಿ ಮಾಡಿಕೊಂಡ. ಮುಂದೆ ಇಬ್ಬರಿಗೂ ಬದ್ಧವೈರ ಬಂತು. 2001ರಲ್ಲಿ ‘ಟೇಕೋವರ್’ನಲ್ಲಿ ನಾಸ್‌ನ ಮರ್ಯಾದೆ ತೆಗೆಯಲು ಕೂತ ಅದೇ ಜೇ-ಜ಼ೀ, ಹತ್ತು ವರ್ಷಕ್ಕೆ ಒಂದು ಒಳ್ಳೆ ಆಲ್ಬಮ್ ಮಾಡ್ತೀಯ ಅಂತ ಚುಚ್ಚಿದ. ನೀವೂ ಇದೇ ಮಾತನ್ನೇ ಬರೆದಿದ್ದೀರಿ. ಆದರೆ ಗಮನಿಸಿ, ಬೈಯಲು ಬಂದವನೂ ಆ ಒಂದನ್ನು ಮುಟ್ಟಲಿಲ್ಲ. ಅದೇ ವರ್ಷ ಡಿಸೆಂಬರ್‌ನಲ್ಲಿ ನಾಸ್ ‘ಈಥರ್’ ಅಂತ ತಿರುಗಿ ಬಾರಿಸಿದ. ಆ ಜಗಳದಲ್ಲಿ ಗೆದ್ದದ್ದು ಯಾರು ಅಂತ ದಯವಿಟ್ಟು ಇನ್ನೊಂದು ಪತ್ರ ಬರೆಯಬೇಡಿ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. ಗುಂಡು, ಗಾಂಜಾ, ಜೈಲು ಬಿಟ್ಟರೆ ಏನಿದೆ?

ಕ್ವೀನ್ಸ್‌ಬ್ರಿಜ್ ಅಂದರೆ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ, ದೊಡ್ಡ ಸೇತುವೆಯ ಮಗ್ಗುಲಿಗೆ ಸರ್ಕಾರ ಕಟ್ಟಿಸಿದ ಮನೆಗಳ ಸಾಲು. ಆರಾರು ಮಹಡಿಯ 96 ಕಟ್ಟಡ, ಮೂರು ಸಾವಿರದ ಮೇಲೆ ಮನೆ. ನಮ್ಮ ಕೊಳಚೆ ಮಂಡಳಿಯ ಬ್ಲಾಕುಗಳನ್ನು ಕಣ್ಣ ಮುಂದೆ ತಂದುಕೊಳ್ಳಿ, ಅದನ್ನು ಒಂದು ಸಣ್ಣ ಊರಿನಷ್ಟು ಹಿಗ್ಗಿಸಿ. ನಾಸ್, ಅಂದರೆ ನಾಸಿರ್ ಜೋನ್ಸ್, ಬೆಳೆದದ್ದು ಅಲ್ಲಿ. ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟ. ಜೊತೆಯಲ್ಲೇ ಬೆಳೆದ ಗೆಳೆಯ ವಿಲ್ 1992ರಲ್ಲಿ ಗುಂಡೇಟಿಗೆ ಸತ್ತ. ಅದೇ ರಾತ್ರಿ ಸ್ವಂತ ತಮ್ಮನಿಗೂ ಗುಂಡು ಬಿತ್ತು, ಅವನು ಬದುಕಿಕೊಂಡ. ಎರಡು ವರ್ಷದ ನಂತರ ಆಲ್ಬಮ್ ಬಂತು. ಅವನಿಗೆ 20 ವರ್ಷ. ಅಂಥವನ ಹಾಡಿನಲ್ಲಿ ಗುಂಡು ಇರದೆ ಮಲ್ಲಿಗೆ ದಂಡೆ ಇರಬೇಕಿತ್ತಾ? ಪ್ರಶ್ನೆ ಇರೋದು ಅವನು ಅದನ್ನು ಹೇಗೆ ನೋಡಿದ ಅನ್ನುವುದು.

‘ಒನ್ ಲವ್’ ತೆಗೆದುಕೊಳ್ಳಿ. ಇದೊಂದು ಕಾಗದ. ಜೈಲಿನಲ್ಲಿರುವ ಗೆಳೆಯರಿಗೆ ಊರಿನ ಸುದ್ದಿ. ನಮ್ಮ ಮನೆಗಳಲ್ಲೂ ಹಿಂದೆ ಹೀಗೇ ಬರೆಯುತ್ತಿದ್ದರಲ್ಲ: ‘ಇತ್ತ ಎಲ್ಲರೂ ಕ್ಷೇಮ’ ಅಂತ ಶುರುಮಾಡಿ, ಆಮೇಲೆ ಒಂದೊಂದಾಗಿ ಕ್ಷೇಮವಲ್ಲದ್ದೆಲ್ಲ ಹೊರಗೆ ಬರುವುದು. ನಿನಗೆ ಮಗ ಹುಟ್ಟಿದ್ದಾನೆ, ನಿನ್ನ ಹಾಗೇ ಇದ್ದಾನಂತೆ. ನಿನ್ನವಳು ಯಾಕೆ ಕಾಗದ ಹಾಕುತ್ತಿಲ್ಲ? ಇಂಥವರ ಮನೆಯ ಹುಡುಗಿ ಸಮುದ್ರದ ಕಡೆಯಿಂದ ಬರುವಾಗ ಗುಂಡು ತಗುಲಿತು. ಸಂಗೀತ ಕೂಡಿಸಿದವನು ಕ್ಯೂ-ಟಿಪ್. ಹೀತ್ ಸಹೋದರರ ಹಳೆಯ ಜಾಝ್ ತಟ್ಟೆಯಿಂದ ಹೆಬ್ಬೆರಳಲ್ಲಿ ಮೀಟುವ ಆಫ್ರಿಕಾದ ಎಂಬೀರಾ ದನಿ ತೆಗೆದಿದ್ದಾನೆ. ಸೂರಿನಿಂದ ನೀರು ತೊಟ್ಟಿಕ್ಕುವ ಹಾಗೆ ಕೇಳುತ್ತದೆ.

ಮೂರನೇ ಚರಣದಲ್ಲಿ ನಾಸ್‌ಗೆ ಊರೇ ಬೇಸರವಾಗುತ್ತದೆ. ಪಿಸ್ತೂಲು ಮನೆಯಲ್ಲಿಟ್ಟು, ಪೆನ್ನು, ಪುಸ್ತಕ ಹಿಡಿದು ಎರಡು ದಿನ ಎಲ್ಲೋ ಹೋಗಿ ಬರುತ್ತಾನೆ. ವಾಪಸು ಬಂದರೆ ಹೊರಗೆ ಯಾರೂ ಇಲ್ಲ. ಒಬ್ಬ ಹುಡುಗ ಬೆಂಚಿನ ಮೇಲೆ ಗಾಂಜಾ ಸುರುಳಿ ಸುತ್ತುತ್ತಾ ಕೂತಿದ್ದಾನೆ. ವಯಸ್ಸು ಹನ್ನೆರಡು. ಧಂಧೆಯಲ್ಲಿದ್ದಾನೆ. ನಾಸ್ ಪಕ್ಕದಲ್ಲಿ ಕೂತು ಬುದ್ಧಿ ಹೇಳುತ್ತಾನೆ. ಏನಂತ ಹೇಳುತ್ತಾನೆ ಅಂತೀರಾ? ಸ್ಕೂಲಿಗೆ ಹೋಗು ಅಂತಲ್ಲ. ಇದನ್ನೆಲ್ಲ ಬಿಡು ಅಂತಲೂ ಅಲ್ಲ. ಗುಂಪಿನ ಮೇಲೆ ಗುಂಡು ಹಾರಿಸಬೇಡ, ಹೋಗಬೇಕಾದವನು ಬಿಟ್ಟು ಇನ್ಯಾರೋ ಹೋಗುತ್ತಾರೆ, ಆ ಮನೆಯವರು ಹಾಳಾಗುತ್ತಾರೆ, ಒಬ್ಬನೇ ಸಿಕ್ಕಾಗ ಹಿಡಿ. ಇದು ಬುದ್ಧಿವಾದ! ಹುಡುಗ ನಗುತ್ತಾನೆ. ಆ ನಗು ತಣ್ಣಗಿದೆ. ನಿನ್ನ ಸ್ಟೈಲ್ ನನಗಿಷ್ಟ ಅಂತಾನೆ. ನಾಸ್ ಎದ್ದು ಬಟ್ಟೆ ಮೇಲೆ ಬಿದ್ದ ಬೂದಿ ಒರೆಸಿಕೊಳ್ಳುತ್ತಾನೆ. ಒಂದು ಕ್ಷಣ ಹಾಗೇ ನಿಲ್ಲುತ್ತಾನೆ. ಮೂಗಿನಿಂದ ಹೊಗೆ ಬಿಟ್ಟು, ಹೊರಟೆ ಅಂತಾನೆ.

ಆ ಬೂದಿ ಒರೆಸಿಕೊಳ್ಳುವುದು ಇದೆಯಲ್ಲ, ನನ್ನ ಮಟ್ಟಿಗೆ ಇಡೀ ಆಲ್ಬಮ್ ಅಲ್ಲಿದೆ. ಪಿಸ್ತೂಲಿನ ಹೊಗಳಿಕೆ ಮಾಡುವವನಿಗೆ ಬೂದಿ ಕಾಣುವುದಿಲ್ಲ. ನೀತಿ ಹೇಳಲು ಬಂದವನಿಗೂ ಕಾಣುವುದಿಲ್ಲ. ಹೇಳಿದ್ದು ಸಾಲದು ಅಂತ ಗೊತ್ತಿದ್ದೂ ಅದಕ್ಕಿಂತ ಜಾಸ್ತಿ ಹೇಳಲಾಗದೆ ಎದ್ದವನ ಕೈ ಮಾಡುವ ಕೆಲಸ ಅದು. ಸಾವಿನ ಮನೆಯಿಂದ ಏಳುವಾಗ ನಾವೂ ಸುಮ್ನೆ ಪಂಚೆ ಕೊಡವಿಕೊಳ್ಳುತ್ತೇವೆ.

ಅದೇ ಸಾಲುಗಳ ಪ್ರಾಸ ನೋಡಿ. ಕ್ಲೋತ್ಸ್, ಫ್ರೋಜ಼್, ನೋಸ್, ಘೋಸ್ಟ್, ಚೋಸ್. ಒಂದೇ ‘ಓ’ಕಾರ ಹಿಡಿದು ನಾಲ್ಕಾರು ಸಾಲು ಎಳೆದುಕೊಂಡು ಹೋಗುತ್ತಾನೆ. ಸಾಲಿನ ಕೊನೆಯಲ್ಲಷ್ಟೇ ಅಲ್ಲ, ಶುರುವಿನಲ್ಲೂ ಸಿಕ್ಕಿಸುತ್ತಾನೆ. ಕನ್ನಡದವರಿಗೆ ಇದರ ಕಷ್ಟ ತಟ್ಟನೆ ಗೊತ್ತಾಗುವುದಿಲ್ಲ. ನಮ್ಮಲ್ಲಿ ಅಂತ್ಯಪ್ರಾಸ ಬಲು ಅಗ್ಗ. ಕ್ರಿಯಾಪದ ಹೇಗೂ ಕೊನೆಗೇ ಬರುತ್ತದೆ, ಬಂದನು, ನಿಂದನು, ಅಂದನು ಅಂತ ತಾನಾಗಿ ಬೀಳುತ್ತದೆ. ಅದಕ್ಕೇ ಇರಬೇಕು, ನಮ್ಮ ಹಳೆಯ ಕವಿಗಳು ಪ್ರಾಸವನ್ನು ಎತ್ತಿ ಸಾಲಿನ ಎರಡನೇ ಅಕ್ಷರಕ್ಕೆ ಕೂರಿಸಿದ್ದು. ಈಗ ಬೆಂಗಳೂರಿನಲ್ಲಿ ಕನ್ನಡದಲ್ಲಿ ರ‍್ಯಾಪ್ ಮಾಡುವ ಹುಡುಗರೂ ಕ್ರಿಯಾಪದವನ್ನು ಹಿಂದೆ ಮುಂದೆ ಎಳೆದಾಡುವುದು ಇದೇ ಸಂಕಟಕ್ಕೆ. ಇಂಗ್ಲಿಷಿನಲ್ಲಿ ಆ ಬಿಟ್ಟಿ ಪ್ರಾಸ ಇಲ್ಲ. ಹುಡುಕಿ ತರಬೇಕು. ಹುಡುಕಿದ್ದು ಗೊತ್ತಾಗಬಾರದು. ‘ಎನ್‌ವೈ ಸ್ಟೇಟ್ ಆಫ್ ಮೈಂಡ್’ ಶುರುವಿನಲ್ಲಿ, ಹೇಗೆ ಶುರು ಮಾಡಬೇಕೋ ಗೊತ್ತಾಗ್ತಿಲ್ಲ ಅಂತ ಮೈಕಿನಲ್ಲೇ ಗೊಣಗುತ್ತಾನೆ. ಮರುಕ್ಷಣ ಅಣೆಕಟ್ಟಿನ ಗೇಟು ಎತ್ತಿದ ಹಾಗೆ. ಮೊದಲ ಚರಣ ಒಂದೇ ಏಟಿಗೆ ಮುಗಿಯಿತು ಅಂತ ಸಂಗೀತ ಮಾಡಿದ ಡಿಜೆ ಪ್ರೀಮಿಯರ್ ಹೇಳಿದ್ದಾರೆ.

ಬೈಗುಳದ ಬಗ್ಗೆ ನೀವು ಬರೆದ ಅರ್ಧ ಪುಟಕ್ಕೆ ನನ್ನ ಉತ್ತರ ಒಂದು ಸಾಲು: ಹೌದು, ಇದೆ, ಮಕ್ಕಳ ಮುಂದೆ ಹಾಕಬೇಡಿ.

ಈಗ ‘ಇಟ್ ವಾಸ್ ರಿಟನ್’. 1996ರ ಜುಲೈನಲ್ಲಿ ಬಂತು, ನೇರ ಮೊದಲ ಸ್ಥಾನಕ್ಕೆ ಹೋಯಿತು. ನಿಮ್ಮ ಮಾತಿನಲ್ಲಿ ಸತ್ಯ ಇಲ್ಲದೆ ಇಲ್ಲ. ಅದರಲ್ಲಿ ‘ಐ ಗೇವ್ ಯು ಪವರ್’ ಅಂತ ಒಂದು ಹಾಡಿದೆ. ಕಥೆ ಹೇಳುವುದು ಪಿಸ್ತೂಲು. ಕೊಂದು ಕೊಂದು ಸಾಕಾಗಿ, ಕೊನೆಗೆ ಬೇಕೆಂದೇ ಜಾಮ್ ಆಗಿ ಗುಂಡು ಹಾರದ ಹಾಗೆ ಮಾಡುತ್ತದೆ. ಹಿಡಿದವನು ಸಾಯುತ್ತಾನೆ. ಅಬ್ಬಾ ಮುಗೀತು ಅಂದುಕೊಳ್ಳುವಷ್ಟರಲ್ಲಿ ಇನ್ನೊಂದು ಕೈ ಬಂದು ಎತ್ತಿಕೊಳ್ಳುತ್ತದೆ. ಇಷ್ಟು ಕಟ್ಟುನಿಟ್ಟಾದ ಕಥೆ ‘ಇಲ್‌ಮ್ಯಾಟಿಕ್’ನಲ್ಲಿ ಒಂದೂ ಇಲ್ಲ. ಒಪ್ಪಿದೆ. ಆದರೆ ಮಿಕ್ಕ ಹಾಡುಗಳಲ್ಲಿ ಹಲವು ಕಡೆ ಅವನು ಡ್ರಗ್ಸ್ ದೊರೆ ಎಸ್ಕೋಬಾರ್‌ನ ಹೆಸರಿಟ್ಟುಕೊಂಡು ದುಬಾರಿ ಸೂಟು ಹಾಕಿಕೊಂಡು ನಿಲ್ಲುತ್ತಾನೆ. ಟ್ರ್ಯಾಕ್‌ಮಾಸ್ಟರ್ಸ್ ಜೋಡಿಯ ಸಂಗೀತವೂ ಹಾಗೇ, ಇಸ್ತ್ರಿ ಹಾಕಿದ್ದು. ಆ ಸೂಟಿನ ಮೇಲೆ ಬೂದಿ ಬೀಳುವುದೇ ಇಲ್ಲ.

ಒಂದೇ ಆಲ್ಬಮ್ಮಿನ ಹೆಸರಲ್ಲಿ ಉಂಡ ಅನ್ನುವ ಮಾತು ಮಾತ್ರ ನನಗೆ ಸರಿಬರಲಿಲ್ಲ. ಮೊದಲ ಗ್ರ್ಯಾಮಿ ಅವನಿಗೆ ಸಿಕ್ಕಿದ್ದು 2021ರಲ್ಲಿ, ‘ಕಿಂಗ್ಸ್ ಡಿಸೀಸ್’ಗೆ. ಆಗ ಅವನಿಗೆ 47. ಅಷ್ಟು ವರ್ಷವೂ ಪ್ರತಿ ಹೊಸ ಆಲ್ಬಮ್ ಬಂದಾಗ ಅಭಿಮಾನಿಗಳು ಕೇಳಿದ್ದು ಒಂದೇ: ಇದು ‘ಇಲ್‌ಮ್ಯಾಟಿಕ್’ ಹಾಗಿದೆಯಾ? ಅದು ಹಾಡಿನ ವಿಮರ್ಶೆ ಅಲ್ಲ. ನೀನು ಮತ್ತೆ ಇಪ್ಪತ್ತರವನಾಗು, ಮತ್ತೆ ಆ ಬೆಂಚಿನ ಮೇಲೆ ಕೂರು ಅಂತ ಹಟ. ಅಲ್ಲಿಂದ ಎದ್ದು ಬರಲು ಅವನು ಎಷ್ಟು ಕಷ್ಟಪಟ್ಟ ಅಂತ ಆ ‘ಒನ್ ಲವ್’ ಹಾಡಿನಲ್ಲೇ ಇದೆ. ನಮ್ಮ ಕಳೆದ ಸಂಚಿಕೆಯ ಲೇಖನವೂ ಈ ಹಟದಿಂದ ಪೂರ್ತಿ ಹೊರತಲ್ಲ. ‘ಮುಂದೆ ಅವನು ಆ ಎತ್ತರ ಮುಟ್ಟಲಿಲ್ಲ’ ಅಂತ ಕೊನೆಯ ಸಾಲು ಬರೆದವನು ನಾನೇ. ಇವತ್ತು ಬರೆದಿದ್ದರೆ ಅದನ್ನು ಹೊಡೆದು ಹಾಕುತ್ತಿದ್ದೆ.

ಸರಿ, ಪಣದ ನ್ಯಾಯ. ಆಲ್ಬಮ್ ಲೆಕ್ಕದಲ್ಲಿ ನಿಮ್ಮ ರೂಮ್‌ಮೇಟ್ ಗೆದ್ದರು, ಗಿರ್ಮಿಟ್ ದುಡ್ಡು ನೀವು ಕೊಡಿ. ಪಿಸ್ತೂಲಿನ ಕಥೆಗೂ ಕಾರ್ನೆಟ್‌ಗೂ ಸೇರಿಸಿ ಮಿರ್ಚಿ ಅವರು ಕೊಡಿಸಲಿ. ಹೆಸರು ಹಾಕಬೇಡಿ ಅಂದದ್ದು ಯಾಕೆ ಅಂತ ಈಗ ಹೊಳೆಯಿತು. ಇಬ್ಬರೂ ಒಂದೇ ಪ್ರತಿ ಓದುತ್ತೀರಿ, ಅಲ್ವಾ? ಹಾಗಿದ್ದರೆ ಅವರಿಗೂ ನಮಸ್ಕಾರ.

— ಸಂಪಾದಕ