ಮರದ ಮಣೆ ಇರಲಿ, ನಮ್ಮ ತಲೆಬರಹ ಎಸೆಯಿರಿ

ಓದುಗರೊಬ್ಬರ ಪತ್ರ: "ಕಳೆದ ಸಂಚಿಕೆಯಲ್ಲಿ 'ಕ್ರಿಮಿ ಕೊಲ್ಲುವ ಮರ' ಅಂತ ದೊಡ್ಡಕ್ಷರದಲ್ಲಿ ಹಾಕಿದ್ದೀರಿ. ನಾನು ಸಮಾರಂಭಗಳಿಗೆ ಅಡುಗೆ ಮಾಡಿಕೊಡುವವಳು. ತಪಾಸಣೆಗೆ ಬಂದವರು ನನ್ನ ಹಳೇ ಮರದ ಮಣೆ ನೋಡಿ, ಇದನ್ನು ಎಸೆದು ಪ್ಲಾಸ್ಟಿಕ್‌ದು ತನ್ನಿ ಎಂದರು. ನಿಮ್ಮ ಲೇಖನ ತೋರಿಸಿದೆ. ತಲೆಬರಹ ಓದಿ ನಕ್ಕುಬಿಟ್ಟರು. ಯಾರ ಮಾತು ನಂಬಲಿ? ಇನ್ನೊಂದು: ಸಾಮಾನು ಬಂದ ಪ್ಯಾಕಿಂಗ್ ಹಲಗೆಯಲ್ಲಿ ನನ್ನ ಮಗ ಹೊಸ ಮಣೆ ಮಾಡಿಕೊಟ್ಟಿದ್ದಾನೆ. ಅದನ್ನು ಬಳಸಬಹುದಾ?"

ಸಂಪಾದಕರ ಉತ್ತರ:

ಅವರು ನಕ್ಕಿದ್ದು ಸರಿ. ಆ ತಲೆಬರಹ ಕೊಟ್ಟವನು ನಾನೇ. ಲೇಖಕರು ಬರೆದದ್ದು ಬೇರೆ: "ಚೆನ್ನಾಗಿ ಒಣಗಿದ ಮರದ ಮೇಲೆ ಬ್ಯಾಕ್ಟೀರಿಯಾ ಜಾಸ್ತಿ ಹೊತ್ತು ಉಳಿಯುವುದಿಲ್ಲ." ಪುಟದಲ್ಲಿ ಜಾಗ ಇರಲಿಲ್ಲ. 'ಒಣಗಿದ' ಎಂಬ ಪದ ನನ್ನ ಕತ್ತರಿಗೆ ಸಿಕ್ಕಿತು. ಇಡೀ ವಿಷಯ ನಿಂತಿರುವುದೇ ಆ ಪದದ ಮೇಲೆ.

ಹಾಗಂತ ಮಣೆ ಎಸೆಯಲು ಹೋಗಬೇಡಿ. ಪ್ಲಾಸ್ಟಿಕ್ ಚೊಕ್ಕ, ಮರ ಕೊಳಕು ಎನ್ನುವ ಮಾತು ಹುಟ್ಟಿದ್ದು ಕಣ್ಣಂದಾಜಿನಿಂದ. ಮರದಲ್ಲಿ ರಂಧ್ರ ಇದೆ, ನೀರು ಹೀರುತ್ತದೆ, ಹಾಗಾಗಿ ಕ್ರಿಮಿ ಒಳಗೆ ಕೂರುತ್ತದೆ. ಪ್ಲಾಸ್ಟಿಕ್ ನಯವಾಗಿದೆ, ಉಜ್ಜಿದರೆ ಹೋಗುತ್ತದೆ. ಕೇಳಲು ಸರಿ ಅನ್ನಿಸುತ್ತದೆ, ಅಲ್ವಾ? ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಸಂಶೋಧಕರಾಗಿದ್ದ ಡೀನ್ ಕ್ಲೈವರ್ (ಡೀನ್ ಎಂಬುದು ಹೆಸರು, ಹುದ್ದೆಯಲ್ಲ) ಮತ್ತು ಅವರ ಜೊತೆಗಾರರು ಕೂಡ ಹಾಗೇ ಅಂದುಕೊಂಡು ಶುರು ಮಾಡಿದ್ದರು. ಮರದ ಮಣೆಯನ್ನು ಪ್ಲಾಸ್ಟಿಕ್‌ನಷ್ಟು ಸುರಕ್ಷಿತ ಮಾಡುವುದು ಹೇಗೆ ಎಂಬುದೇ ಅವರ ಪ್ರಶ್ನೆಯಾಗಿತ್ತು. 1994ರಲ್ಲಿ ಪ್ರಕಟವಾದ ಫಲಿತಾಂಶ ಆ ಪ್ರಶ್ನೆಯನ್ನೇ ತಿರುವಿಹಾಕಿತು. ಸಾಲ್ಮೊನೆಲ್ಲಾ, ಲಿಸ್ಟೀರಿಯಾ, ಇ. ಕೋಲಿ ಬ್ಯಾಕ್ಟೀರಿಯಾಗಳನ್ನು ಮಣೆಗಳ ಮೇಲೆ ಹಚ್ಚಿ ನೋಡಿದರು. ಮರದ ಮೇಲ್ಮೈಯಿಂದ ಸ್ವಲ್ಪ ಹೊತ್ತಿನಲ್ಲೇ ಅವು ಕಾಣೆಯಾದವು. ಪ್ಲಾಸ್ಟಿಕ್ ಮೇಲೆ ಹಾಗೇ ಉಳಿದವು.

ಕಾಣೆಯಾದವು ಎಂದೆ, ಸತ್ತವು ಎನ್ನಲಿಲ್ಲ. ಮರವನ್ನು ಸೀಳಿ, ಕೆತ್ತಿ ನೋಡಿದಾಗ ಒಳಗೆ ಕೆಲವು ಜೀವಂತ ಸಿಕ್ಕವು. ಆದರೆ ಅವು ಅಲ್ಲಿ ಮರಿ ಹಾಕುತ್ತಿರಲಿಲ್ಲ. ಒಂದೊಂದಾಗಿ ಸಾಯುತ್ತಿದ್ದವು. ಮೇಲೆ ಹೆಚ್ಚಿದ ತರಕಾರಿಗೆ ಅಂಟಲು ವಾಪಸ್ ಬರುತ್ತಲೂ ಇರಲಿಲ್ಲ.

ಯಾಕೆ ಹೀಗೆ ಎಂದು ತಿಳಿಯಲು ಮರದ ಒಳಗೆ ಇಣುಕಬೇಕು. ಮರ ಜೀವಂತ ಇದ್ದಾಗ ನೀರು ಏರಿಸಲು ಅದರೊಳಗೆ ಕೊಳವೆಗಳಿರುತ್ತವೆ. ಓಕ್ ಮರದಲ್ಲಿ ಇವು ಎಷ್ಟು ದೊಡ್ಡವೆಂದರೆ, ಹಲಗೆಯ ಅಡ್ಡ ತುದಿಯಲ್ಲಿ ಸೂಜಿ ಚುಚ್ಚಿದ ಹಾಗೆ ಬರಿಗಣ್ಣಿಗೇ ಕಾಣುತ್ತವೆ. ಬ್ಯಾಕ್ಟೀರಿಯಾ ಅಂದರೆ ಮಿಲಿಮೀಟರ್‌ನ ಸಾವಿರದಲ್ಲಿ ಒಂದೋ ಎರಡೋ ಪಾಲು. ನೀರಿನ ಜೊತೆ ಆರಾಮಾಗಿ ಒಳಗೆ ಹೋಗುತ್ತದೆ. ಅಲ್ಲಿ ಕಾದಿರುವುದು ಬಾಯಾರಿದ ಗೋಡೆ. ಮರದ ಕೋಶಗಳ ಗೋಡೆಗಳೇ ತಮ್ಮ ತೂಕದ ಶೇಕಡಾ 30ರ ಹತ್ತಿರದವರೆಗೆ ನೀರು ಹಿಡಿಯಬಲ್ಲವು. ಮನೆಯೊಳಗೆ ಒಣಗಿ ಕೂತ ಹಲಗೆಯಲ್ಲಿ ಇರುವುದು ಅದರ ಅರ್ಧಕ್ಕಿಂತ ಕಮ್ಮಿ. ಹಾಗಾಗಿ ಬ್ಯಾಕ್ಟೀರಿಯಾದ ಸುತ್ತಲಿನ ನೀರನ್ನು ಗೋಡೆ ಎಳೆದುಕೊಳ್ಳುತ್ತದೆ. ಬ್ಯಾಕ್ಟೀರಿಯಾ ಒಣಗುತ್ತದೆ. ಮಣೆ ದಿನವಿಡೀ ಒದ್ದೆಯಾಗಿದ್ದರೆ ಗೋಡೆಯ ದಾಹ ತೀರಿಬಿಟ್ಟಿರುತ್ತದೆ. ಆಗ ಈ ಆಟ ನಡೆಯುವುದಿಲ್ಲ.

ನೀವೇ ಒಮ್ಮೆ ನೋಡಿ. ಒಣಗಿದ ಮಣೆಯ ಮೇಲೆ ಒಂದು ಹನಿ ನೀರು ಬಿಡಿ, ಪಕ್ಕದಲ್ಲಿ ಪ್ಲಾಸ್ಟಿಕ್ ಮೇಲೆ ಇನ್ನೊಂದು. ನಿಮ್ಮ ಪತ್ರ ಬಂದ ದಿನ ನಾನು ಮೇಜಿನ ಮೇಲೆ ಹಾಗೇ ಮಾಡಿದೆ. ಮರದ ಮೇಲಿನ ಹನಿ ಮೊದಲು ಅಂಚಿನಲ್ಲಿ ಕಪ್ಪಾಯಿತು, ಆಮೇಲೆ ಎಳೆಯ ಉದ್ದಕ್ಕೆ ಚಾಚಿಕೊಂಡು ಮೊಟ್ಟೆಯಾಕಾರವಾಯಿತು, ಆಮೇಲೆ ಬರೀ ಕಲೆ. ಪ್ಲಾಸ್ಟಿಕ್ ಮೇಲಿನದು ನಾನು ಟೀ ಮುಗಿಸಿದರೂ ಗುಂಡಗೆ ಕೂತೇ ಇತ್ತು.

ಆ ಪ್ಲಾಸ್ಟಿಕ್ ಮಣೆ ನಮ್ಮ ಮನೆಯದೇ, ಹಳೆಯದು. ಉಗುರಿನಿಂದ ಗೀರಿ ನೋಡಿದೆ. ಚಾಕು ಬಿದ್ದ ಕಡೆಯೆಲ್ಲ ಅಂಚು ಎದ್ದು, ಕಚ್ಚಿನ ಮೇಲೆ ತುಟಿ ಮುಚ್ಚಿದ ಹಾಗೆ ಕೂತಿದೆ. ಅದರಡಿ ಅರಿಶಿನದ ಗೆರೆ. ಎಷ್ಟು ಉಜ್ಜಿದರೂ ಹೋಗಲಿಲ್ಲ. ವಿಸ್ಕಾನ್ಸಿನ್‌ನವರು ಕಂಡದ್ದೂ ಇದನ್ನೇ. ಹೊಸ ಪ್ಲಾಸ್ಟಿಕ್ ತೊಳೆಯುವುದು ಸುಲಭ. ಚಾಕುವಿನ ಗೀರು ತುಂಬಿದ ಪ್ಲಾಸ್ಟಿಕ್‌ನ್ನು ಕೈಯಲ್ಲಿ ತೊಳೆದು ಚೊಕ್ಕ ಮಾಡಲು ಆಗಲಿಲ್ಲ, ಕೋಳಿಯ ಕೊಬ್ಬು ಮೆತ್ತಿದ್ದರಂತೂ ಇಲ್ಲವೇ ಇಲ್ಲ. ಹೊಸ ಮಣೆಯ ಮೇಲೆ ಪರೀಕ್ಷೆ ಮಾಡಿ ತೀರ್ಪು ಕೊಡುವುದು ಸುಲಭ. ಅಡುಗೆಮನೆಯಲ್ಲಿ ಇರುವುದು ಬಳಸಿದ ಮಣೆ. ನನಗೆ ಆ ಸಂಶೋಧನೆ ಇಷ್ಟವಾಗಿದ್ದು ಇದಕ್ಕೇ.

ಎಲ್ಲ ಮರವೂ ಒಂದೇ ಅಲ್ಲ. ಮರ ಬೆಳೆಯುತ್ತಾ ಒಳಗಿನ ಹಳೆಯ ಭಾಗ ಸತ್ತು ಚೇಗಾಗುತ್ತದೆ. ಸಾಯುವ ಮೊದಲು ಆ ಕೋಶಗಳು ಟ್ಯಾನಿನ್‌ನಂಥ ಒಗರು ಪದಾರ್ಥಗಳನ್ನು ತುಂಬಿಟ್ಟು ಹೋಗುತ್ತವೆ. ಹುಳಕ್ಕೂ ಶಿಲೀಂಧ್ರಕ್ಕೂ ಅಂತ ಮರ ಮಾಡಿಕೊಂಡ ಏರ್ಪಾಡು ಅದು. ಜರ್ಮನಿಯ ಬ್ರೌನ್‌ಶ್ವೈಗ್‌ನ ಸಂಶೋಧಕರು ಬೇರೆ ಬೇರೆ ಮರಗಳನ್ನು ಹೋಲಿಸಿದಾಗ ಪೈನ್ ಮತ್ತು ಓಕ್ ಮೇಲೆ ಬ್ಯಾಕ್ಟೀರಿಯಾ ಬೇಗ ಸತ್ತವು. ಒಣಗಿಸುವುದಷ್ಟೇ ಅಲ್ಲ, ಮರದ ರಸಾಯನವೂ ಕೆಲಸ ಮಾಡುತ್ತದೆ ಎಂದಾಯಿತು. ಹಾಗಂತ ಪೈನ್ ತರಬೇಡಿ, ಮೆತ್ತಗಿನ ಮರ, ನಿಮ್ಮ ಚಾಕುವಿಗೆ ಬೇಗ ಕಿತ್ತುಬರುತ್ತದೆ. ತೇಗ ಗಟ್ಟಿ. ಆದರೆ ಅದರಲ್ಲಿ ಸಿಲಿಕಾ ಇರುವುದರಿಂದ ಚಾಕು ಮೊಂಡಾಗುತ್ತದೆ.

ಇನ್ನು ನಿಯಮದ ಮಾತು. ಅಮೆರಿಕದ ಫುಡ್ ಕೋಡ್ ಆಹಾರ ತಾಗುವ ಜಾಗದಲ್ಲಿ ಮರ ಬೇಡ ಎನ್ನುತ್ತದೆ. ಅದೇ ಸಾಲಿನ ಕೆಳಗೆ, ಗಟ್ಟಿ ಮೇಪಲ್ ಅಥವಾ ಅಷ್ಟೇ ಗಟ್ಟಿಯಾದ, ಒತ್ತಾದ ಎಳೆಯ ಮರದ ಕತ್ತರಿಸುವ ಮಣೆ ಆಗಬಹುದು ಎಂದೂ ಹೇಳುತ್ತದೆ. ಮೊದಲ ಸಾಲು ಓದಿ ನಿಲ್ಲಿಸುವವರೇ ಜಾಸ್ತಿ. (ತಲೆಬರಹ ಬರೆಯುವ ನಾನು ಇದನ್ನು ಹೇಳಬಾರದು.) ನಿಮ್ಮ ಕಡೆಯ ನಿಯಮವನ್ನು ಬರಹದಲ್ಲಿ ಕೇಳಿ ಪಡೆಯಿರಿ. ಅದರಲ್ಲಿ ಮರ ಬೇಡ ಎಂದಿದ್ದರೆ ಬೇಡವೇ. ಪರವಾನಗಿ ಉಳಿಯಬೇಕಲ್ಲ.

ಮಣೆ ಇಟ್ಟುಕೊಳ್ಳುವುದಾದರೆ, ಮಾಂಸಕ್ಕೆ ಒಂದು, ಹಸಿಯಾಗಿ ತಿನ್ನುವ ತರಕಾರಿಗೆ ಇನ್ನೊಂದು. ಇದರಲ್ಲಿ ರಾಜಿ ಇಲ್ಲ, ಮರವಾಗಲಿ ಪ್ಲಾಸ್ಟಿಕ್ ಆಗಲಿ. ಬಳಸಿದ ತಕ್ಷಣ ಬಿಸಿನೀರು, ಸೋಪು ಹಾಕಿ ಎರಡೂ ಮಗ್ಗುಲು ತೊಳೆಯಿರಿ. ಒಂದೇ ಮಗ್ಗುಲು ನೆಂದರೆ ಮಣೆ ಸೊಟ್ಟಗಾಗುತ್ತದೆ. ನೆನೆಹಾಕಬೇಡಿ. ಗೋಡೆಗೆ ಒರಗಿಸಿ ನಿಲ್ಲಿಸಿ, ಎರಡೂ ಕಡೆ ಗಾಳಿಯಾಡಲಿ. ಎರಡು ಮಣೆ ಸರದಿಯಲ್ಲಿದ್ದರೆ ಒಂದು ಪೂರ್ತಿ ಒಣಗಲು ಸಮಯ ಸಿಗುತ್ತದೆ. ವಾರ್ನಿಷ್ ಹೊಡೆಸಬೇಡಿ, ಹೊಡೆಸಿದರೆ ಮತ್ತೆ ಪ್ಲಾಸ್ಟಿಕ್ ಪೊರೆಯ ಮೇಲೇ ಹೆಚ್ಚಿದ ಹಾಗೆ. ಅಡುಗೆ ಎಣ್ಣೆ ಸವರಿದರೆ ಕೆಲವು ದಿನಕ್ಕೆ ಕಮಟು ವಾಸನೆ. ಸೀಳು ಬಿಟ್ಟು ಒಳಗೆ ಕೊಳೆ ಸೇರಿದ್ದರೆ ಮಾತ್ರ ಮಣೆಗೆ ವಿದಾಯ ಹೇಳಿ.

ಈಗ ಮಗ ಮಾಡಿಕೊಟ್ಟ ಮಣೆ. ಒಂದು ದೇಶದ ಹುಳ ಮರದೊಳಗೆ ಕೂತು ಇನ್ನೊಂದು ದೇಶದ ಕಾಡಿಗೆ ಹೋಗಬಾರದು ಎಂದು 2002ರಲ್ಲಿ ಪ್ಯಾಕಿಂಗ್ ಮರಕ್ಕೆ ಅಂತರರಾಷ್ಟ್ರೀಯ ನಿಯಮ ಬಂತು. ಹಲಗೆಯ ನಡುವಿನವರೆಗೂ 56 ಡಿಗ್ರಿ ಸೆಲ್ಸಿಯಸ್ ಬಿಸಿ 30 ನಿಮಿಷ ತಾಗಬೇಕು. ಹಾಗೆ ಮಾಡಿದ ಹಲಗೆಗೆ 'ಎಚ್‌ಟಿ' ಎಂದು ಮುದ್ರೆ ಒತ್ತುತ್ತಾರೆ. 'ಎಂಬಿ' ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷದ ಹೊಗೆ ಹಾಕಿದ್ದಾರೆ ಎಂದರ್ಥ. ನಿಮ್ಮ ಮಗ ಹಲಗೆ ಹೆರೆದು ನಯ ಮಾಡಿದ್ದರೆ ಮುದ್ರೆಯೂ ಹೋಗಿರುತ್ತದೆ. ಎಚ್‌ಟಿ ಆಗಿದ್ದರೂ ಆ ಬಿಸಿ ಹುಳಕ್ಕಾಗಿ, ನಮ್ಮ ಊಟಕ್ಕಾಗಿ ಅಲ್ಲ. ದಾರಿಯಲ್ಲಿ ಅದರ ಮೇಲೆ ಏನೇನು ಚೆಲ್ಲಿತ್ತೋ ಯಾರಿಗೂ ತಿಳಿಯದು. ಹುಡುಗನಿಗೆ ಬೇಜಾರಾಗದಂತೆ ಹೇಳಿ, ಅದನ್ನು ಗೋಡೆಗೆ ಹೊಡೆಸಿ. ಹೂಕುಂಡ ಇಡಲು ಒಳ್ಳೆಯ ಹಲಗೆ.